ಆಲ್ಬಿನಿ ಆ ರಾಯಲ್ಟಿಯನ್ನು ಏಕೆ ಬೇಡವೆಂದರು?

ಅಮೆರಿಕದ ಧ್ವನಿಮುದ್ರಣ ಎಂಜಿನಿಯರ್ ಸ್ಟೀವ್ ಆಲ್ಬಿನಿ ಅವರ ವಿಷಯ ತೆಗೆದಾಗಲೆಲ್ಲ ಎದುರಿಗಿದ್ದವರು ಕೇಳುವ ಪ್ರಶ್ನೆ ಒಂದೇ: ನಿರ್ವಾನಾದಂಥ ಹೆಸರಾಂತ ರಾಕ್ ತಂಡದ ಆಲ್ಬಮ್ಮನ್ನು ಧ್ವನಿಮುದ್ರಿಸಿಯೂ ಅದರ ರಾಯಲ್ಟಿ, ಅಂದರೆ ಮಾರಾಟದ ಹಣದಲ್ಲಿ ಬರುವ ಪಾಲು, ತನಗೆ ಬೇಡವೆಂದದ್ದು ಮೂರ್ಖತನವಲ್ಲವೇ? 2024ರ ಮೇ 7ರಂದು, 61ನೆಯ ವಯಸ್ಸಿನಲ್ಲಿ, ಹೃದಯಾಘಾತದಿಂದ ಅವರು ತೀರಿಕೊಂಡ ಮೇಲೆ ಈ ಪ್ರಶ್ನೆ ಇನ್ನೂ ಹೆಚ್ಚು ಸಲ ನನ್ನ ಕಿವಿಗೆ ಬಿದ್ದಿದೆ. ಅದು ಮೂರ್ಖತನವೂ ಅಲ್ಲ, ತ್ಯಾಗವೂ ಅಲ್ಲ, ಯಾವುದು ಯಾರದ್ದು ಎಂಬ ಸ್ಪಷ್ಟ ಲೆಕ್ಕ ಎಂದೇ ನಾನು ಉತ್ತರಿಸುತ್ತೇನೆ.

ಆ ಲೆಕ್ಕವನ್ನು ಅವರೇ 1992ರಲ್ಲಿ ತಂಡಕ್ಕೆ ಬರೆದ ದೀರ್ಘ ಪತ್ರದಲ್ಲಿ ಬಿಡಿಸಿಟ್ಟಿದ್ದಾರೆ. ತಾನು ಶೇಕಡ ಒಂದು ಅಥವಾ ಒಂದೂವರೆ ಪಾಲು ಕೇಳುತ್ತೇನೆಂದು ರೆಕಾರ್ಡ್ ಕಂಪನಿ ನಿರೀಕ್ಷಿಸುತ್ತದೆ, 30 ಲಕ್ಷ ಪ್ರತಿಗಳು ಮಾರಾಟವಾದರೆ ಅದು ಸುಮಾರು 4 ಲಕ್ಷ ಡಾಲರ್ ಆಗುತ್ತದೆ, ಅಷ್ಟು ಹಣ ತೆಗೆದುಕೊಂಡರೆ ತನಗೆ ನಿದ್ದೆ ಬರುವುದಿಲ್ಲ ಎಂದು ಅವರು ಬರೆದರು. ಹಾಡು ಕಟ್ಟುವವರು, ನುಡಿಸುವವರು ತಂಡದವರು, ಕೊಳ್ಳುವವರು ತಂಡದ ಅಭಿಮಾನಿಗಳು; ಆದ್ದರಿಂದ ರಾಯಲ್ಟಿ ತಂಡಕ್ಕೇ ಸೇರಬೇಕು, ತನಗೆ ಕೊಳಾಯಿ ಕೆಲಸದವನಿಗೆ ಕೊಡುವಂತೆ ಮಾಡಿದ ಕೆಲಸದ ಕೂಲಿ ಕೊಟ್ಟರೆ ಸಾಕು ಎಂಬುದು ಅವರ ನಿಲುವು. ಕೊನೆಗೆ ಪಡೆದದ್ದು ಒಂದೇ ಬಾರಿಯ 1 ಲಕ್ಷ ಡಾಲರ್. ಅದೇನೂ ಸಣ್ಣ ಮೊತ್ತವಲ್ಲ. ತನ್ನ ಕೆಲಸಕ್ಕೆ ಬೆಲೆಯಿಲ್ಲವೆಂದು ಅವರು ಎಂದೂ ಹೇಳಲಿಲ್ಲ.

1993ರ ಫೆಬ್ರವರಿಯಲ್ಲಿ ಮಿನ್ನೆಸೋಟದ ಪ್ಯಾಕಿಡರ್ಮ್ ಸ್ಟುಡಿಯೋದಲ್ಲಿ ಆ ಆಲ್ಬಮ್, 'ಇನ್ ಯೂಟೆರೊ', ಎರಡೇ ವಾರಗಳಲ್ಲಿ ಮುಗಿಯಿತು. ಹಣದ ವಿಷಯದಲ್ಲಿದ್ದ ಅದೇ ಬುದ್ಧಿ ಮೈಕ್ರೊಫೋನ್ ಇಡುವುದರಲ್ಲೂ ಇತ್ತು. ವಾದ್ಯದ ಮೂತಿಗೆ ಒಂದು ಮೈಕ್ ಒಡ್ಡಿ, ಆಮೇಲೆ ಯಂತ್ರದಿಂದ ಪ್ರತಿಧ್ವನಿ ಬೆರೆಸುವುದು ಆಗಿನ ವಾಡಿಕೆ. ಆಲ್ಬಿನಿ ಡ್ರಮ್ಮಿನ ಹತ್ತಿರಕ್ಕಷ್ಟೇ ಅಲ್ಲದೆ ಕೋಣೆಯ ದೂರದ ಮೂಲೆಗಳಿಗೂ ಮೈಕ್ ಇಟ್ಟು, ಗೋಡೆಗೆ ಬಡಿದು ಮರಳುವ ಸದ್ದನ್ನೂ ಟೇಪಿಗೆ ಇಳಿಸುತ್ತಿದ್ದರು. ನಿರ್ವಾನಾದ ಡ್ರಮ್ ವಾದಕ ಡೇವ್ ಗ್ರೋಲ್ ಅವರ ಡ್ರಮ್ಮುಗಳನ್ನು ಒಂದೆರಡು ಹಾಡುಗಳಿಗಾಗಿ ಪಕ್ಕದ ಅಡುಗೆಮನೆಗೇ ಸಾಗಿಸಲಾಯಿತು, ಆ ಕೋಣೆಯ ಗುಂಯ್‌ಗುಡುವಿಕೆ ಬೇಕಿತ್ತು ಎಂಬ ಒಂದೇ ಕಾರಣಕ್ಕೆ. ಹೆಡ್‌ಫೋನ್ ಹಾಕಿಕೊಂಡು ಕಣ್ಣು ಮುಚ್ಚಿದರೆ ಕೋಲು ಚರ್ಮಕ್ಕೆ ಬಿದ್ದ ಏಟು ಮೊದಲು, ಕ್ಷಣದ ಬಳಿಕ ಕೋಣೆಯ ಉಸಿರು ಎರಡನೆಯದಾಗಿ ಬರುವುದು ನನಗೆ ಈಗಲೂ ಬೇರೆಬೇರೆಯಾಗಿಯೇ ಕೇಳುತ್ತದೆ, ಮತ್ತು ಪ್ರತಿ ಸಲವೂ ಅದು ಮೈನವಿರೇಳಿಸುತ್ತದೆ.

ಆಲ್ಬಮ್ಮಿನ ರೂಪವನ್ನೇ ನಿರ್ದೇಶಿಸುವ ಪ್ರೊಡ್ಯೂಸರ್ ಎಂದು ಕರೆಸಿಕೊಳ್ಳುವುದು ಆಲ್ಬಿನಿಗೆ ಹಿಡಿಸುತ್ತಿರಲಿಲ್ಲ. ತಾನು ಸದ್ದನ್ನು ಮುದ್ರಿಸುವ ಎಂಜಿನಿಯರ್ ಎನ್ನುತ್ತಿದ್ದರು. ಪಿಕ್ಸೀಸ್ ತಂಡ, ಗಾಯಕಿ ಪಿ.ಜೆ. ಹಾರ್ವೆ ಅವರ ಧ್ವನಿಮುದ್ರಣ ಮಾಡಿದ ಕೈಯೇ ಹೆಸರಿಲ್ಲದ ನೂರಾರು ತಂಡಗಳದ್ದನ್ನೂ ಮಾಡಿತು, ರಾಯಲ್ಟಿಯ ಮಾತಿಲ್ಲದೆ, ದಿನಗೂಲಿಯ ಲೆಕ್ಕದಲ್ಲಿ. 1997ರಲ್ಲಿ ಷಿಕಾಗೊದಲ್ಲಿ ತೆರೆದ ಎಲೆಕ್ಟ್ರಿಕಲ್ ಆಡಿಯೊ ಸ್ಟುಡಿಯೋದಲ್ಲಿ ಕಾರ್ಖಾನೆಯ ಕೆಲಸಗಾರನಂತೆ ಮೇಲಂಗಿ ತೊಟ್ಟು ಅವರು ದುಡಿಯುತ್ತಿದ್ದರು. ಇದಕ್ಕೆಲ್ಲ ಬೇರು ಎಲ್ಲವನ್ನೂ ತಾವೇ ಮಾಡಿಕೊಳ್ಳುವ ರಾಕ್ ಸಂಗೀತದ ಪಂಥವಾದ ಪಂಕ್‌ನಲ್ಲಿದೆ: 1980ರ ದಶಕದಲ್ಲಿ ತಮ್ಮ ಬಿಗ್ ಬ್ಲ್ಯಾಕ್ ತಂಡವನ್ನು ದೊಡ್ಡ ಕಂಪನಿಗಳ ಹಂಗಿಲ್ಲದೆ ನಡೆಸಿದವರಿಗೆ, ಡ್ರಮ್ ಬಾರಿಸುವವರ ಜಾಗದಲ್ಲಿ ಒಂದು ಯಂತ್ರವನ್ನಿಟ್ಟು ಅದಕ್ಕೆ 'ರೋಲೆಂಡ್' ಎಂದು ಸದಸ್ಯನ ಸ್ಥಾನವನ್ನೇ ಕೊಟ್ಟವರಿಗೆ, ದುಡಿದವರ ಹೆಸರನ್ನೂ ಪಾಲನ್ನೂ ಅವರವರಿಗೇ ಬಿಡುವುದು ಸಹಜವಾಗಿ ಬಂದಿರಬೇಕು.

ಅವರನ್ನು ಪ್ರೀತಿಸುವವರು ಮುಚ್ಚಿಡಬಾರದ ಒಂದು ಸಂಗತಿಯೂ ಇದೆ. ಯೌವನದಲ್ಲಿ ಅವರು ಜನರನ್ನು ಕೆಣಕಲೆಂದೇ ಕ್ರೂರವಾಗಿ ಬರೆದರು, ಮಾತಾಡಿದರು. ತಮ್ಮದೇ ಒಂದು ತಂಡಕ್ಕೆ ಅತ್ಯಾಚಾರಿಯನ್ನು ಸೂಚಿಸುವ ಹೆಸರನ್ನೇ ಇಟ್ಟರು. 2021ರಲ್ಲಿ ಅದರ ಹೊಣೆಯನ್ನು ನೆಪ ಹೇಳದೆ, ಬಹಿರಂಗವಾಗಿ ತಾವೇ ಹೊತ್ತುಕೊಂಡರು. ತನ್ನದಲ್ಲದ ಹಣವನ್ನು ಬೇಡವೆಂದ ಮನುಷ್ಯ ತನ್ನದೇ ಆದ ತಪ್ಪನ್ನು ತನ್ನದೆಂದದ್ದು ನನಗೆ ಒಂದೇ ಲೆಕ್ಕದ ಎರಡು ಸಾಲುಗಳಂತೆ ಕಾಣುತ್ತದೆ.

1992ರಿಂದ ಕೊನೆಯವರೆಗೂ ಅವರು ನುಡಿಸಿದ್ದು ಬಾಬ್ ವೆಸ್ಟನ್, ಟಾಡ್ ಟ್ರೇನರ್ ಅವರೊಂದಿಗಿನ ಶೆಲ್ಯಾಕ್ ತಂಡದಲ್ಲಿ. ಆ ತಂಡದ ಕೊನೆಯ ಆಲ್ಬಮ್ ಬಿಡುಗಡೆಯಾದದ್ದು ಮೇ 17ರಂದು, ಅವರು ಹೋದ ಹತ್ತು ದಿನಕ್ಕೆ. ಅದನ್ನು ಮೊದಲ ಸಲ ಹಾಕಿದಾಗ ನಾನು ಗಿಟಾರಿಗಿಂತ ಹೆಚ್ಚಾಗಿ ಕೇಳಿಸಿಕೊಂಡದ್ದು ಆ ಮೂವರೂ ನಿಂತಿದ್ದ ಕೋಣೆಯನ್ನು.