ನಿಧಿ ಎಲ್ಲಿದೆ ಅಂತ ಬರೆದಿದೆಯಾ?

ಅಕ್ಷರ ಕೆತ್ತಿದ ಹಳೇ ಕಲ್ಲಿನ ಮುಂದೆ ಮಂಡಿಯೂರಿ ಕೂತು ಐದು ನಿಮಿಷ ಆಗಿರಲ್ಲ, ಹಿಂದೆ ಯಾರೋ ಬಂದು ನಿಂತಿರುತ್ತಾರೆ. ಮೊದಲು ಬೀಡಿ ವಾಸನೆ ಬರುತ್ತೆ. ಆಮೇಲೆ ಕೆಮ್ಮು. ಆಮೇಲೆ ಪ್ರಶ್ನೆ.

"ಏನ್ ತಮ್ಮಾ, ನಿಧಿ ಎಲ್ಲೈತೆ ಅಂತ ಬರ್ದೈತಾ?"

ಊರು ಯಾವುದೇ ಇರಲಿ, ಪ್ರಶ್ನೆ ಮಾತ್ರ ಇದೇ. ಹಳ್ಳಿಯವರಷ್ಟೇ ಅಲ್ಲ, ನಮ್ಮ ಆಫೀಸಿನವರೂ ಕೇಳುತ್ತಾರೆ, ಸ್ವಲ್ಪ ನಗುತ್ತಾ. ಮದುವೆ ಮನೆಯಲ್ಲಿ ಎಲೆ ಮುಂದೆ ಕೂತಾಗ ನಮ್ಮ ಸೋದರಮಾವ ಕೇಳುತ್ತಾರೆ, ಅವರು ನಗಲ್ಲ. ಇಷ್ಟು ವರ್ಷ "ಇಲ್ಲ ಮಾವ, ಹಾಗೇನೂ ಇರಲ್ಲ" ಅಂತ ಹೇಳಿ ಮುಗಿಸುತ್ತಿದ್ದೆ. ಅದು ಪೂರ್ತಿ ನಿಜ ಅಲ್ಲ ಅಂತ ಈಚೆಗೆ ಗೊತ್ತಾಯಿತು. ಅದಕ್ಕೇ ಇದನ್ನು ಬರೀತಿದ್ದೇನೆ.

ಮೊದಲೇ ಹೇಳಿಬಿಡ್ತೀನಿ, ನಾನು ವಿದ್ವಾಂಸ ಅಲ್ಲ. ವಾರವೆಲ್ಲ ಲೆಕ್ಕಪತ್ರ ನೋಡುವ ಕೆಲಸ. ಶಾಸನ ನನಗೆ ಭಾನುವಾರದ ಚಟ. ನಿಜ ಹೇಳಬೇಕಂದ್ರೆ ಕಲ್ಲಿನ ಮುಂದೆ ಕೂತದ್ದಕ್ಕಿಂತ ರಾತ್ರಿ ಮಂಚದ ಮೇಲೆ ಮೊಬೈಲ್ ಹಿಡಿದು ಓದಿದ್ದೇ ಜಾಸ್ತಿ.

ಶುರುವಾದದ್ದು ನಮ್ಮೂರಿನಲ್ಲೇ, ಹಾಸನದ ಕಡೆ. ಊರ ಬಾಗಿಲಲ್ಲಿ ಒಂದು ಕಲ್ಲಿದೆ. ಚಿಕ್ಕವರಿದ್ದಾಗ ಅದರ ಅಂಚಿನಲ್ಲಿ ಕುಡುಗೋಲು ಮಸೆಯುತ್ತಿದ್ದರು, ಆ ಗೀರು ಈಗಲೂ ಇದೆ. ಕೆಳಗಿನ ಪಟ್ಟಿಯಲ್ಲಿ ಕತ್ತಿ ಹಿಡಿದ ಒಬ್ಬ, ಅವನ ಹಿಂದೆ ಹಸುಗಳು. ನಡುವೆ ಇಬ್ಬರು ಹೆಂಗಸರು ಅವನ ತೋಳು ಹಿಡಿದು ಮೇಲಕ್ಕೆ ಕರೆದೊಯ್ಯುತ್ತಿದ್ದಾರೆ. ಮೇಲಿನ ಪಟ್ಟಿಯಲ್ಲಿ ಅವನು ಲಿಂಗದ ಮುಂದೆ ಕೈಮುಗಿದು ಕೂತಿದ್ದಾನೆ. ತುದಿಯಲ್ಲಿ ಸೂರ್ಯ, ಚಂದ್ರ. ಪಟ್ಟಿಗಳ ನಡುವೆ ಎರಡು ಸಾಲು ಅಕ್ಷರ. ಹಬ್ಬಕ್ಕೆ ಹೋದಾಗ ಸಂಜೆ ಐದರ ಓರೆ ಬಿಸಿಲು ಆ ಸಾಲಿನ ಮೇಲೆ ಬಿದ್ದಿತ್ತು. ಮಧ್ಯಾಹ್ನ ಬರೀ ಗೀಚಿನ ಹಾಗೆ ಕಂಡಿದ್ದರಲ್ಲಿ ಒಂದು 'ತ' ಎದ್ದು ನಿಂತಿತು, ಪಕ್ಕದಲ್ಲಿ 'ವ'. ಅಷ್ಟೇ. ಅವತ್ತಿಂದ ಹುಚ್ಚು.

ಫೋಟೋ ತೆಗೆಯುವವರಿಗೆ ಒಂದು ಮಾತು. ನೇರ ಬಿಸಿಲಲ್ಲಿ ಏನೂ ಬರಲ್ಲ. ಬೆಳಗ್ಗೆ ಅಥವಾ ಸಂಜೆ ತೆಗೀರಿ, ಇಲ್ಲಾಂದ್ರೆ ಕತ್ತಲಾದ ಮೇಲೆ ಮೊಬೈಲ್ ಟಾರ್ಚನ್ನು ಕಲ್ಲಿನ ಪಕ್ಕಕ್ಕೆ ಆನಿಸಿ ಹಿಡೀರಿ. ಅಕ್ಷರದ ಗುಂಡಿಯಲ್ಲಿ ನೆರಳು ತುಂಬಿಕೊಳ್ಳುತ್ತೆ. ಸೀಮೆಸುಣ್ಣ, ಬಣ್ಣ ಬಳಿಯೋದು ಬೇಡ.

ಇನ್ನು ಮೊಬೈಲಿನ ಕಥೆ. ಬಿ. ಎಲ್. ರೈಸ್ ಅಂತ ಒಬ್ಬರಿದ್ದರು, 1837ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿದವರು. ಹಳೇ ಮೈಸೂರು ಸೀಮೆಯನ್ನೆಲ್ಲ ಸುತ್ತಿ, ಒಂಬತ್ತು ಸಾವಿರದ ಹತ್ತಿರ ಶಾಸನಗಳನ್ನು ಓದಿಸಿ, 'ಎಪಿಗ್ರಾಫಿಯಾ ಕರ್ನಾಟಿಕ' ಅಂತ 12 ಸಂಪುಟ ತಂದರು. ಮೊದಲನೆಯದು 1886ರ ಕೊಡಗಿನ ಸಂಪುಟ. ಅವೆಲ್ಲ ಈಗ ಆರ್ಕೈವ್ ಡಾಟ್ ಆರ್ಗ್‌ನಲ್ಲಿ ಬಿಟ್ಟಿ ಸಿಗುತ್ತವೆ. ನಾನು ಇಂಟರ್ನೆಟ್ಟಿನಲ್ಲಿ ಕಂಡ ಅತಿ ದೊಡ್ಡ ನಿಧಿ ಇದೇ, ಸೋದರಮಾವ ಒಪ್ಪದಿದ್ದರೂ. ಜಿಲ್ಲೆಗೊಂದು ಲೆಕ್ಕದಲ್ಲಿ ಸಂಪುಟ, ಒಳಗೆ ತಾಲ್ಲೂಕು, ತಾಲ್ಲೂಕಿನೊಳಗೆ ನಂಬರು. ಹಾಸನದ್ದು ಐದನೇ ಸಂಪುಟ. ಚಿಕ್ಕಮಗಳೂರು ಅಂತ ಹುಡುಕಿದರೆ ಸಿಗಲ್ಲ, ಆಗ ಅದು ಕಡೂರು ಜಿಲ್ಲೆ. ಸ್ಕ್ಯಾನ್ ಮಾಡಿದವರ ಹೆಬ್ಬೆರಳೂ ಕೆಲವು ಪುಟಗಳಲ್ಲಿ ಬಂದಿದೆ, ಇರಲಿ ಬಿಡಿ.

ಒಂದು ರಾತ್ರಿ ಅದರಲ್ಲಿ ನಮ್ಮೂರಿನ ಹೆಸರು ಸಿಕ್ಕಿತು. ಕೆಳಗೆ ಎರಡೇ ಸಾಲು, ಅರ್ಧ ಸವೆದದ್ದು. "ತುಱುವಂ ಮಗುೞ್ಚಿ..." ಆಮೇಲೆ ಚುಕ್ಕಿ ಚುಕ್ಕಿ. ಹೆಸರು ಹೋಗಿದೆ. ತುಱು ಅಂದ್ರೆ ದನ. ಕಳ್ಳರು ಹೊಡೆದುಕೊಂಡು ಹೋಗುತ್ತಿದ್ದ ದನಗಳನ್ನು ತಿರುಗಿಸಿ ತಂದವನು, ತರುವಾಗ ಸತ್ತವನು. ಅವನ ಹೆಸರಿದ್ದ ಜಾಗ ಕುಡುಗೋಲಿನ ಗೀರಿನ ಹತ್ತಿರವೇ ಬರುತ್ತೆ. ಆ ಕುಡುಗೋಲುಗಳಲ್ಲಿ ನಮ್ಮ ಮನೆಯದೂ ಒಂದು.

ಆ 'ಱ' ಮತ್ತು 'ೞ' ನೋಡಿ ಗಾಬರಿ ಬೇಡ. ನಮ್ಮ ಕೆರೆ ಮೊದಲು ಕೆಱೆ, ನಮ್ಮ ಏಳು ಮೊದಲು ಏೞು. ಹಾಗೇ ಹಳೇ 'ಪ' ಮುಂದೆ 'ಹ' ಆಯಿತು. 2018ರಲ್ಲಿ ಹೆಬ್ಬಾಳದಲ್ಲಿ ಕಿತ್ತಯ ಅನ್ನುವವನ ವೀರಗಲ್ಲು (ನಮ್ಮೂರಿನದರ ಹಾಗೇ, ಕಾದಿ ಸತ್ತವನ ನೆನಪಿನ ಕಲ್ಲು) ಸಿಕ್ಕಿತಲ್ಲ, ಸುಮಾರು ಕ್ರಿ.ಶ. 750ರದ್ದು, ಅದರಲ್ಲಿ ಊರಿನ ಹೆಸರು 'ಪೆರ್ಬೊಳಲ್'. ನಾಲ್ಕು ಸಲ ಬಾಯಲ್ಲಿ ಹೇಳಿಕೊಂಡು ನೋಡಿ, ಹೆಬ್ಬಾಳ ಕೇಳಿಸುತ್ತೆ. ಮಿಥಿಕ್ ಸೊಸೈಟಿ ಅನ್ನುವ ಇತಿಹಾಸದ ಸಂಸ್ಥೆಯವರು ಬೆಂಗಳೂರಿನ ಶಾಸನಗಳನ್ನು ತ್ರೀಡಿ ಸ್ಕ್ಯಾನ್ ಮಾಡುತ್ತಿದ್ದಾರೆ. ಕಲ್ಲನ್ನು ಪರದೆ ಮೇಲೆ ಬೆರಳಲ್ಲೇ ತಿರುಗಿಸಿ, ಬೇಕಾದ ಕಡೆಯಿಂದ ಬೆಳಕು ಬಿಟ್ಟ ಹಾಗೆ ನೋಡಬಹುದು. ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಾಗ ಹೆಬ್ಬಾಳದ ಕಲ್ಲನ್ನು ಹೆಬ್ಬಾಳದ ಫ್ಲೈಓವರ್ ಮೇಲೇ ಓದಿದ್ದೇನೆ. ಪದಕ್ಕೆ ಅರ್ಥ ಬೇಕಾದರೆ 1894ರ ಕಿಟೆಲ್ ನಿಘಂಟು ಇದೆ. ವಿ. ಕೃಷ್ಣ ಅವರ 'ಅಲರ್' ಕೂಡ ಇದೆ, ಒಂದೂವರೆ ಲಕ್ಷ ಪದಗಳ ಕನ್ನಡ-ಇಂಗ್ಲಿಷ್ ನಿಘಂಟು, ಪೂರ್ತಿ ಉಚಿತ. ಸುಮ್ನೆ ಒಂದು ಪದ ಹುಡುಕೋಣ ಅಂತ ಹೋದರೆ ರಾತ್ರಿ ಹನ್ನೆರಡಾಗಿರುತ್ತೆ.

ಸರಿ, ಹಾಗಾದ್ರೆ ಕಲ್ಲುಗಳಲ್ಲಿ ಇರೋದೇನು? ಸತ್ತವರು, ಹೊಲ-ಗದ್ದೆ, ಕೆರೆ, ದೇವಸ್ಥಾನದ ದೀಪಕ್ಕೆ ಎಣ್ಣೆ, ಜೊತೆಗೆ ಬೈಗುಳ. ಕೊಟ್ಟ ಭೂಮಿ ಕಸಿದವನು ಅರವತ್ತು ಸಾವಿರ ವರ್ಷ ಅಮೇಧ್ಯದಲ್ಲಿ ಹುಳುವಾಗಿ ಹುಟ್ಟುತ್ತಾನೆ ಅನ್ನುವುದು ಎಲ್ಲ ಕಡೆ ಬರುವ ಶಾಪ. ಕೋರ್ಟು-ಕಚೇರಿಗಿಂತ ಅದು ಹೆಚ್ಚು ಕೆಲಸ ಮಾಡುತ್ತಿತ್ತೋ ಏನೋ. ದಾನಗಳ ಹೆಸರೂ ಚೆನ್ನಾಗಿವೆ. ಕೆರೆಯ ರಿಪೇರಿಗೆ ಬಿಟ್ಟ ಭೂಮಿ 'ಬಿತ್ತುವಟ್ಟ'. ಕಾದಿ ಸತ್ತವನ ಮನೆಯವರಿಗೆ ಕೊಟ್ಟದ್ದು 'ನೆತ್ತರುಗೊಡಗೆ'.

ನನಗೆ ಎಲ್ಲಕ್ಕಿಂತ ಇಷ್ಟ ಆತಕೂರಿನ ಕಲ್ಲು. ಮದ್ದೂರು ತಾಲ್ಲೂಕಿನದು, ಕ್ರಿ.ಶ. 949ರ ಸುಮಾರಿನದು, ಈಗ ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ಮ್ಯೂಸಿಯಮ್ಮಿನಲ್ಲಿದೆ. ಗಂಗರ ರಾಜ ಬೂತುಗನ ಕಡೆಯ ಮಣಲೆರ ಅನ್ನುವ ವೀರ ಚೋಳರ ಮೇಲಿನ ಯುದ್ಧದಲ್ಲಿ ಚೆನ್ನಾಗಿ ಕಾದಿದ. ಏನು ಬೇಕು ಕೇಳು ಅಂದರು. ಅವನು ಊರು ಕೇಳಲಿಲ್ಲ, ಹೊನ್ನು ಕೇಳಲಿಲ್ಲ. ಕಾಳಿ ಅನ್ನುವ ನಾಯಿಯನ್ನು ಕೇಳಿ ಪಡೆದ. ಆ ಕಾಳಿ ಒಂದು ದೊಡ್ಡ ಹಂದಿಯ ಮೇಲೆ ಬಿತ್ತು, ಎರಡೂ ಸತ್ತವು. ನಾಯಿಗೆ ಕಲ್ಲು ನೆಟ್ಟರು, ಪೂಜೆ ಇಟ್ಟರು, ಭೂಮಿ ಬಿಟ್ಟರು. ಆ ಭೂಮಿ ನೋಡಿಕೊಳ್ಳುವ ಗೊರವ, ಅಂದ್ರೆ ಶಿವನ ಪೂಜಾರಿ, ಕಲ್ಲಿಗೆ ಪೂಜೆ ಮಾಡದೆ ಉಂಡರೆ ನಾಯಿಯ ಪಾಪ ಅವನಿಗೆ ಅಂತಲೂ ಬರೆಸಿದರು. ಕಲ್ಲಿನ ಮೇಲ್ಗಡೆ ನಾಯಿ-ಹಂದಿ ಮುಖಕ್ಕೆ ಮುಖ ಕೊಟ್ಟು ನಿಂತಿವೆ. ನಾಯಿ ಸಾಕಿದವರು ಒಮ್ಮೆ ಹೋಗಿ ಬನ್ನಿ.

ಈಗ ನಿಧಿ.

ಒಂದು ರಾತ್ರಿ ವಿಜಯನಗರ ಕಾಲದ ದಾನಶಾಸನ ಒಂದನ್ನು ಓದುತ್ತಿದ್ದೆ. ಹಳ್ಳಿಯ ಎಲ್ಲೆ ಹೇಳಿದ ಮೇಲೆ ಈ ಮಾತು ಬಂತು: "ನಿಧಿ ನಿಕ್ಷೇಪ ಜಲ ಪಾಷಾಣ ಅಕ್ಷೀಣಿ ಆಗಾಮಿ ಸಿದ್ಧ ಸಾಧ್ಯ". ಎದ್ದು ಕೂತೆ. ಸೋದರಮಾವ ಗೆದ್ದರಲ್ಲಪ್ಪಾ! ಆಮೇಲೆ ಬೇರೆ ಶಾಸನ ತೆಗೆದರೆ ಅಲ್ಲೂ ಅದೇ ಸಾಲು. ಇನ್ನೊಂದರಲ್ಲೂ ಅದೇ.

ಇದಕ್ಕೆ ಅಷ್ಟಭೋಗ ಅಂತಾರೆ. ಭೂಮಿ ಕೊಟ್ಟಾಗ ಜೊತೆಗೆ ಕೊಟ್ಟ ಎಂಟು ಹಕ್ಕು. ನೆಲದಡಿ ಹೂತದ್ದು ಏನಾದರೂ ಸಿಕ್ಕರೆ ನಿನ್ನದು, ಇಟ್ಟು ಮರೆತದ್ದು ಸಿಕ್ಕರೆ ನಿನ್ನದು, ನೀರು ನಿನ್ನದು, ಕಲ್ಲು ನಿನ್ನದು, ಈಗ ಬರುವ ಆದಾಯ, ಮುಂದೆ ಬರುವ ಆದಾಯ, ಎಲ್ಲ ನಿನ್ನದು. ಇಲ್ಲಿ ನಿಧಿ ಇದೆ ಅಂತಲ್ಲ. ಇದ್ದರೆ ಯಾರದ್ದು ಅಂತ. ವಕೀಲರ ಭಾಷೆ ಅಷ್ಟೇ. ಅಕ್ಷರ ಕೂಡಿಸಿ ಓದಬಲ್ಲ ಯಾರೋ ಒಬ್ಬರು ಯಾವುದೋ ಕಾಲದಲ್ಲಿ ಈ ಸಾಲಿನ ಮೊದಲ ಪದವನ್ನು ಜೋರಾಗಿ ಓದಿದ್ದಾರೆ, ಉಳಿದ ಏಳನ್ನು ಕೇಳೋಕೆ ಯಾರೂ ನಿಂತಿಲ್ಲ ಅಂತ ನನ್ನ ಗುಮಾನಿ.

ಆ ಸಾಲನ್ನು ಎಲ್ಲೋ ಕೇಳಿದ್ದೇನಲ್ಲ ಅಂತ ಎರಡು ದಿನ ತಲೆ ತಿಂದಿತು. ಊರಿಗೆ ಹೋದಾಗ ಅಟ್ಟದ ಮೇಲಿನ ಟ್ರಂಕು ಇಳಿಸಿದೆ. ತಾತ ಎರಡು ಎಕರೆ ಕೊಂಡಾಗಿನ ಕ್ರಯಪತ್ರ, ಮಡಿಕೆಯಲ್ಲಿ ಹರಿದ ಛಾಪಾ ಕಾಗದ. ಅದರಲ್ಲಿತ್ತು. "ನಿಧಿ ನಿಕ್ಷೇಪ ಜಲ ತರು ಪಾಷಾಣಾದಿ ಅಷ್ಟಭೋಗ ತೇಜಸ್ವಾಮ್ಯ ಸಹಿತ". ಕಲ್ಲಿನಲ್ಲಿ ಮೂಡಲು, ತೆಂಕಲು, ಪಡುವಲು, ಬಡಗಲು ಅಂತ ಎಲ್ಲೆ ಹೇಳಿದರೆ ಇಲ್ಲಿ ಚೆಕ್ಕುಬಂದಿ. ಕಲ್ಲಿನ ಕೊನೆಗೆ ಬರೆದವನ ಹೆಸರಿದ್ದರೆ ಇಲ್ಲಿ 'ಬಿಕ್ಕಲಂ' ಅಂತ ಪತ್ರ ಬರೆದವರ ಸಹಿ. ಸೂರ್ಯ-ಚಂದ್ರರ ಬದಲು ಸ್ಟಾಂಪು. ನಮ್ಮ ತಾತ ಆ ಎರಡು ಎಕರೆಯಲ್ಲಿ ನಲವತ್ತು ವರ್ಷ ಉತ್ತರು, ಅಗೆದರು, ಬಾವಿ ತೋಡಿದರು. ನಿಧಿ ಸಿಗಲಿಲ್ಲ. ಪಾಷಾಣ ಬೇಕಾದಷ್ಟು ಸಿಕ್ಕಿತು.

ಅಂದ ಹಾಗೆ, ಸಿಕ್ಕರೂ ಈಗ ಇಟ್ಟುಕೊಳ್ಳುವ ಹಾಗಿಲ್ಲ. ಕರ್ನಾಟಕದ 1962ರ ನಿಧಿ ಕಾಯ್ದೆ ಪ್ರಕಾರ ನಿಧಿ ಸಿಕ್ಕರೆ ಸರ್ಕಾರಕ್ಕೆ ತಿಳಿಸಬೇಕು.

ನಗುತ್ತಾ ಬರೀತಿದ್ದೇನೆ, ಆದರೆ ಇದರಲ್ಲಿ ಹೊಟ್ಟೆ ಉರಿಯುವ ಭಾಗವೂ ಇದೆ. ಕಲ್ಲಿನಲ್ಲಿ ಕೆತ್ತಿದ ಸೂರ್ಯನ ನೆರಳು ಬಿದ್ದ ಕಡೆ ಕೊಪ್ಪರಿಗೆ ಹೊನ್ನಿದೆ, ಹಾವಿನ ಗುರುತಿದ್ದರೆ ಕಾವಲಿದೆ ಅಂತ ನಂಬಿದವರು ಅಮಾವಾಸ್ಯೆ ರಾತ್ರಿ ಹಾರೆ ತರುತ್ತಾರೆ. ಕಳೆದ ವರ್ಷ ಒಂದು ಮಾಸ್ತಿಕಲ್ಲು, ಅಂದ್ರೆ ಗಂಡನ ಜೊತೆ ಸಹಗಮನ ಮಾಡಿದವಳ ನೆನಪಿನ ಕಲ್ಲು, ನೋಡಲು ಹೋಗಿದ್ದೆ. ಕಲ್ಲು ಮಗುಚಿ ಬಿದ್ದಿತ್ತು. ಅಡಿಯಲ್ಲಿ ಸೊಂಟದಷ್ಟು ಗುಂಡಿ, ಸುತ್ತ ಒಣಗಿದ ನಿಂಬೆಹಣ್ಣು, ಕುಂಕುಮ. ಬಳೆ ತೊಟ್ಟು ಎತ್ತಿದ ಆ ಕೈ ಇರುತ್ತಲ್ಲ, ಅದು ಮೊಣಕೈ ಹತ್ತಿರ ತುಂಡಾಗಿತ್ತು. ಗುಂಡಿಯಲ್ಲಿ ಮಳೆ ನೀರು ನಿಂತಿತ್ತು, ಬೇರೇನೂ ಇರಲಿಲ್ಲ. ಆದ್ದರಿಂದ ಈಗ ಯಾರು ಕೇಳಿದರೂ ತಮಾಷೆ ಮಾಡಲ್ಲ. ಕೂತು ಪೂರ್ತಿ ಸಾಲು ಓದಿ ಹೇಳುತ್ತೇನೆ, ಎಂಟೂ ಹಕ್ಕು.

ಹೋದ ತಿಂಗಳು ಒಬ್ಬ ಅಜ್ಜನಿಗೆ ಹಾಗೇ ಓದಿ ಹೇಳಿದೆ. ಕೆರೆ ಏರಿಯ ಮೇಲಿನ ಕಲ್ಲು, ಬಿತ್ತುವಟ್ಟದ್ದು. ಇದರಲ್ಲಿ ನಿಧಿ ಇಲ್ಲ ಅಜ್ಜ, ತೂಬಿನ ಕೆಳಗಿನ ಗದ್ದೆ ಕೆರೆ ಕೆಲಸಕ್ಕೆ ಅಂತ ಬಿಟ್ಟಿದ್ದಾರೆ, ಮೂಡಲಿಗೆ ಬಂಡೆ, ಪಡುವಲಿಗೆ ಹಳ್ಳ ಅಂದೆ. ಅಜ್ಜ ಬೀಡಿ ಆರಿಸಿದ. ತಿರುಗಿ ಬಂಡೆ ನೋಡಿದ, ಹಳ್ಳ ನೋಡಿದ. ಎರಡೂ ಅಲ್ಲೇ ಇದ್ದವು. ಸುಮಾರು ಹೊತ್ತು ಮಾತಿಲ್ಲ.

"ಆ ಗದ್ದೆ ಈಗ ನಮ್ಮ ದಾಯಾದಿಗಳ ಹತ್ರ ಐತೆ" ಅಂದ. "ಈ ಕಲ್ಲಿಂದು ಒಂದ್ ಜೆರಾಕ್ಸ್ ಕೊಡ್ತೀಯಾ?"