ಹಾಲ್ ಸೀಲಿಂಗ್: ಸಂಜೆ ಐದರ ಗೆರೆ ಕೊನೆಗೂ ಹೋಯಿತು

ಗೆರೆ ಹೋಯಿತು. ಈ ಸಲದ ಸುದ್ದಿ ಇಷ್ಟೇ, ಉಳಿದದ್ದೆಲ್ಲ ಗೊಣಗಾಟ.

ಯಾವ ಗೆರೆ ಅಂತೀರಾ? ಹಾಲ್‌ನ ಸೀಲಿಂಗ್‌ಗೆ ಸಿಂಪಡಿಸಿದ್ದ ಪಾಪ್‌ಕಾರ್ನ್ (ಉಬ್ಬುತಗ್ಗಿನ ಹಳೇ ಲೇಪ) ಕೆರೆದ ಮೇಲೆ ಎದ್ದು ಕಂಡ ಬಟ್ ಜಾಯಿಂಟ್, ಅಂದರೆ ಸೀಲಿಂಗ್‌ನ ಡ್ರೈವಾಲ್ (ಜಿಪ್ಸಮ್) ಹಲಗೆಗಳ ಅಗಲದ ಅಂಚುಗಳು ಕೂಡುವ ಜಾಗ. ಬೆಳಿಗ್ಗೆ ಅದು ಕಾಣುವುದಿಲ್ಲ. ರಾತ್ರಿ ಲೈಟ್ ಹಾಕಿದರೂ ಕಾಣುವುದಿಲ್ಲ. ಸಂಜೆ ಐದರ ಹೊತ್ತಿಗೆ ಮಾತ್ರ ಈ ಗೋಡೆಯಿಂದ ಆ ಗೋಡೆಯವರೆಗೆ ಉದ್ದಕ್ಕೆ ಒಂದು ನೆರಳು ಬೀಳುತ್ತದೆ. ನೆಂಟರು ಕಾಫಿಗೆ ಬರುವುದೂ ಅದೇ ಹೊತ್ತಿಗೆ.

ಮನೆ ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿದೆ, 1976ರಲ್ಲಿ ಕಟ್ಟಿದ್ದು. ಇಸವಿ ಕೇಳಿದ ತಕ್ಷಣ ನಿಮಗೆ ಗೊತ್ತಾಗಿರುತ್ತದೆ: ಮೊದಲು ಆಸ್ಬೆಸ್ಟಾಸ್ (ಉಸಿರಿಗೆ ಹೋದರೆ ಕ್ಯಾನ್ಸರ್ ತರುವ ನಾರು) ಇದೆಯೇ ಅಂತ ಲ್ಯಾಬ್, ಆಮೇಲೆ ಕೆರೆಯುವ ನೈಫ್. ಅಲಂಕಾರಕ್ಕೆ ಸಿಂಪಡಿಸುವ ಆಸ್ಬೆಸ್ಟಾಸ್ ಮಾಲನ್ನು ಇಲ್ಲಿ ಇಪಿಎ (ಅಮೆರಿಕದ ಪರಿಸರ ಸಂಸ್ಥೆ) ನಿಷೇಧಿಸಿದ್ದು 1978ರಲ್ಲಿ. ಅಂಗಡಿಗಳಲ್ಲಿ ಉಳಿದಿದ್ದ ಹಳೇ ಸ್ಟಾಕ್ ಅದಾದ ಮೇಲೂ ಸೀಲಿಂಗ್ ಏರಿತು. ತುಂಬಾ ಜನ ಪಾಪ್‌ಕಾರ್ನ್ ಪುಡಿ ಮಾತ್ರ ಕಳಿಸಿ ಸುಮ್ಮನಾಗುತ್ತಾರೆ. ಅದರ ಹಿಂದಿನ ಜಾಯಿಂಟ್ ಮಡ್‌ನ (ಹಲಗೆಗಳ ಸಂದಿ ಮುಚ್ಚುವ ಗಾರೆ) ಚೂರನ್ನೂ ಬೇರೆ ಚೀಲದಲ್ಲಿ ಕಳಿಸಿ. ಆ ಕಾಲದ ಮಡ್‌ನಲ್ಲೂ ಆಸ್ಬೆಸ್ಟಾಸ್ ಇರುತ್ತಿತ್ತು, ಅಂಥ ಪ್ಯಾಚಿಂಗ್ ಮಾಲಿನ ಮಾರಾಟಕ್ಕೆ ತಡೆ ಬಿದ್ದದ್ದು 1977ರಲ್ಲಿ. ಮುಂದೆ ಸ್ಯಾಂಡಿಂಗ್ ಮಾಡುವಾಗ ಧೂಳಾಗುವುದು ಅದೇ ಅಲ್ವಾ? ನನ್ನ ಸ್ಯಾಂಪಲ್‌ಗಳಲ್ಲಿ ಏನೂ ಇಲ್ಲ ಅಂತ ಬಂತು. ಇದ್ದಿದ್ದರೆ ಇದನ್ನು ಬರೆಯುತ್ತಿರಲಿಲ್ಲ, ಲೈಸೆನ್ಸ್ ಇರುವವರಿಗೆ ಚೆಕ್ ಬರೆಯುತ್ತಿದ್ದೆ.

ಕೆರೆದ ಕಥೆ ಬೇಡ. ಪ್ಲಾಸ್ಟಿಕ್ ಹಾಸು, ಪಂಪ್ ಸ್ಪ್ರೇಯರ್, ಬಿಸಿನೀರಿಗೆ ಎರಡು ತೊಟ್ಟು ಪಾತ್ರೆ ತೊಳೆಯುವ ಸೋಪು, ಕಾಲು ಗಂಟೆ ನೆನೆಯಲು ಬಿಡು, ಎಳೆ. ಹಾಲ್‌ನ ಪಾಪ್‌ಕಾರ್ನ್‌ಗೆ ಯಾರೂ ಪೇಂಟ್ ಹೊಡೆದಿರಲಿಲ್ಲ, ಹಾಗಾಗಿ ಸಲೀಸಾಗಿ ಉದುರಿತು. ಬೂಟಿಗೆ ಅಂಟಿಕೊಂಡು ಅಡುಗೆಮನೆಯವರೆಗೂ ಹೋದ ಆ ಒದ್ದೆ ಗಂಜಿಯ ಬಗ್ಗೆ ಮನೆಯಲ್ಲಿ ಈಗಾಗಲೇ ಸಾಕಷ್ಟು ಮಾತಾಗಿದೆ.

ಉದುರಿದ ಮೇಲೆ ಗೊತ್ತಾಗಿದ್ದು ಏನೆಂದರೆ, 1976ರ ಆ ಗುಂಪು ಟೇಪ್ ಅಂಟಿಸಿ, ಮೇಲೊಂದು ಕೋಟ್ ಮಡ್ ಎಳೆದು, ಊಟಕ್ಕೆ ಹೋಗಿದ್ದಾರೆ. ವಾಪಸ್ ಬಂದು ಪಾಪ್‌ಕಾರ್ನ್ ಸಿಂಪಡಿಸಿದ್ದಾರೆ. ಪಾಪ್‌ಕಾರ್ನ್ ಅಷ್ಟು ಜನಪ್ರಿಯವಾಗಿದ್ದು ಸದ್ದು ಹೀರುತ್ತದೆ ಅನ್ನುವುದಕ್ಕಿಂತ ಜಾಸ್ತಿ ಇಂಥ ಅರೆಬರೆ ಕೆಲಸ ಮುಚ್ಚುತ್ತದೆ ಅನ್ನುವುದಕ್ಕೇ. ದಪ್ಪ ಟೆಕ್ಸ್ಚರ್ ಬರುವ ಕಡೆ ಡ್ರೈವಾಲ್ ನುಣುಪಿನ ಇವತ್ತಿನ ಲೆಕ್ಕದಲ್ಲೂ (ಸೊನ್ನೆಯಿಂದ ಐದರವರೆಗೆ) ಲೆವೆಲ್ 3 ಸಾಕು. ನಯವಾದ ಸೀಲಿಂಗ್ ಮೇಲೆ ಅಡ್ಡ ಬೆಳಕು ಬೀಳುತ್ತದೆ ಅಂದರೆ ಲೆವೆಲ್ 5 ಬೇಕು. ಮೇಲಿನ ಎರಡು ಲೆವೆಲ್‌ಗಳ ಕೂಲಿ ಉಳಿಸಿದವರು ಅವರು. ಐವತ್ತು ವರ್ಷ ಆದಮೇಲೆ ಆ ಕೂಲಿ ಕೆಲಸ ನನ್ನ ಪಾಲಿಗೆ ಬಂತು.

ಉದ್ದದ ಜಾಯಿಂಟ್‌ಗಳದ್ದು ತಕರಾರಿಲ್ಲ. ಡ್ರೈವಾಲ್ ಹಲಗೆಯ ಉದ್ದದ ಅಂಚು ಫ್ಯಾಕ್ಟರಿಯಿಂದಲೇ ಸ್ವಲ್ಪ ತೆಳುವಾಗಿ ಬರುತ್ತದೆ. ಟೇಪ್, ಮಡ್ ಎರಡೂ ಆ ತಗ್ಗಿನಲ್ಲಿ ಕೂರುತ್ತವೆ. ಆದರೆ ಅಗಲದ ಅಂಚು ಪೂರ್ತಿ ಅರ್ಧ ಇಂಚು ದಪ್ಪವೇ. ಅಂಥ ಎರಡು ಅಂಚು ಎದುರುಬದುರಾದರೆ ಟೇಪ್ ಮೇಲೆಯೇ ಉಳಿಯುತ್ತದೆ. ಅದು ದಿಬ್ಬ. ಒಳ್ಳೆಯ ಕೆಲಸಗಾರ ಬಟ್ ಜಾಯಿಂಟ್‌ಗಳನ್ನು ಒಂದೇ ಸಾಲಿನಲ್ಲಿ ಬಿಡುವುದಿಲ್ಲ, ಹಿಂದೆ ಮುಂದೆ ಮಾಡುತ್ತಾನೆ. ನಮ್ಮವರು ಎಲ್ಲವನ್ನೂ ಒಂದೇ ಜಾಯಿಸ್ಟ್ (ಹಲಗೆ ಹೊರುವ ಮರದ ತೊಲೆ) ಮೇಲೆ ಸಾಲಾಗಿ ನಿಲ್ಲಿಸಿದ್ದಾರೆ. ಸಾಲದ್ದಕ್ಕೆ ಆ ಜಾಯಿಸ್ಟ್ ಅಕ್ಕಪಕ್ಕದವುಗಳಿಗಿಂತ ಚೂರು ಕೆಳಗಿದೆ. ಸಾಲು ಗಾಜಿನ ಬಾಗಿಲಿಗೆ ಸಮಾನಾಂತರ ಬೇರೆ. ಹೊರಗಿನ ಕಾಂಕ್ರೀಟ್ ನೆಲಕ್ಕೆ ಬಡಿದ ಸಂಜೆ ಬಿಸಿಲು ಪುಟಿದು ಒಳಗೆ ಬಂದು ಸೀಲಿಂಗ್ ಸವರಿಕೊಂಡೇ ಹೋಗುತ್ತದೆ. ನಾಲ್ಕೂ ಕೂಡಿದರೆ ಗೆರೆ ಕಾಣದೆ ಇರುತ್ತದೆಯೇ?

ಎಲ್ಲರೂ ಹೇಳುವ ಮದ್ದು ಗೊತ್ತಲ್ಲ: ಇನ್ನೊಂದು ಕೋಟ್, ಇನ್ನೂ ಅಗಲದ ನೈಫ್. ಆರು ಇಂಚಿನದು ಆಯಿತು, ಹತ್ತು ಆಯಿತು, ಹದಿನಾಲ್ಕೂ ಆಯಿತು. ಕೈಗೆ ನುಣ್ಣಗೆ ಸಿಗುತ್ತಿತ್ತು. ಒಣಗಿದ ಮೇಲೆ ಸಂಜೆ ಐದಕ್ಕೆ ಗೆರೆ ಹಾಜರ್. ಮೊದಲಿಗಿಂತ ಅಗಲ ಜಾಸ್ತಿ, ಅಷ್ಟೇ.

ಸ್ಯಾಂಡ್ ಮಾಡಿ ಇಳಿಸೋಣ ಅಂದರೆ ಒಂದು ಹಂತದಲ್ಲಿ ಟೇಪ್‌ನ ಕಾಗದ ಕಾಣಿಸಿತು. ಅಲ್ಲಿಂದ ಮುಂದೆ ದಾರಿಯಿಲ್ಲ. ದಿಬ್ಬ ಇರುವುದು ಮಡ್‌ನಲ್ಲಲ್ಲ, ಹಿಂದಿನ ಮರದಲ್ಲಿ.

ದಿಬ್ಬದ ಎತ್ತರ ಅಳೆಯೋಣ ಅಂತ ಅಂಗಡಿಗೆ ಹೋಗಿ ಅಲ್ಯೂಮಿನಿಯಂ ಪಟ್ಟಿ ತಂದೆ. ಲೇಬಲ್ ಮೇಲೆ ದೊಡ್ಡದಾಗಿ ನೇರ ಅಂತ ಬರೆದಿತ್ತು, ಪಟ್ಟಿ ಮಾತ್ರ ನೇರ ಇರಲಿಲ್ಲ. ಪರೀಕ್ಷೆ ನಿಮಗೆ ಗೊತ್ತಿರುವುದೇ: ಹಲಗೆಯ ಮೇಲೆ ಇಟ್ಟು ಪೆನ್ಸಿಲ್ ಗೆರೆ ಎಳೆ, ಪಟ್ಟಿ ಮಗುಚು, ಅದೇ ಎರಡು ತುದಿಗಳಿಂದ ಮತ್ತೆ ಎಳೆ. ಎರಡು ಗೆರೆಗಳ ನಡುವೆ ಸಂದಿ ಕಂಡರೆ ಪಟ್ಟಿಯ ತಪ್ಪು ಅದರ ಅರ್ಧ. ನನ್ನದರಲ್ಲಿ ನಡುವೆ ಅಕ್ಕಿಕಾಳು ತೂರುತ್ತಿತ್ತು. ವಾಪಸ್ ಕೊಡಲು ಹೋದರೆ ಕೌಂಟರ್‌ನ ಹುಡುಗ, "ಗೋಡೆಯೇ ಸೊಟ್ಟ ಇರಬಹುದು ಸರ್" ಅಂದ. ಗೋಡೆ ಸೊಟ್ಟ ಇರುವುದಕ್ಕೇ ಕಣಪ್ಪಾ ನೇರ ಪಟ್ಟಿ ಬೇಕಿರುವುದು! ಆಮೇಲೆ ಶೆಲ್ಫ್‌ನಲ್ಲಿದ್ದವನ್ನೆಲ್ಲ ಒಂದಕ್ಕೊಂದು ಜೋಡಿಸಿ, ಟ್ಯೂಬ್‌ಲೈಟಿಗೆ ಹಿಡಿದು ನೋಡಿ ಒಂದನ್ನು ಆರಿಸಿದೆ. ಗಂಡುಹೆಣ್ಣು ನೋಡುವಾಗ ಕೂಡ ಯಾರೂ ಇಷ್ಟು ಪರೀಕ್ಷೆ ಮಾಡುವುದಿಲ್ಲ. ಹಾಟ್ ಮಡ್ (ನೀರು ಬೆರೆಸಿ ಕಲಸುವ, ಬೇಗ ಗಟ್ಟಿಯಾಗುವ ಪುಡಿ) ಚೀಲದ್ದೂ ಇದೇ ಹಾಡು. ರ‍್ಯಾಕ್‌ನ ಮುಂದಿನ ಸಾಲಿನ ಚೀಲಗಳೆಲ್ಲ ತೇವ ಎಳೆದು ಒಳಗೆ ಉಂಡೆಗಟ್ಟಿದ್ದವು. ಹಿಂದಿನ ಸಾಲಿಗೆ ಕೈ ಹಾಕಿ, ಅದುಮಿ ನೋಡಿ ತನ್ನಿ.

ಪಟ್ಟಿಯ ನಡುವನ್ನು ಗೆರೆಯ ನೆತ್ತಿಗೆ ಒತ್ತಿ ಹಿಡಿದಾಗ ಎರಡೂ ತುದಿಯಲ್ಲಿ 1/8 ಇಂಚು, ಅಂದರೆ ಮೂರು ಮಿಲಿಮೀಟರ್ ಸಂದಿ ಕಂಡಿತು. ಅಷ್ಟೇ! ಮೂರು ಮಿಲಿಮೀಟರಿಗೆ ಇಷ್ಟು ರಾದ್ಧಾಂತ. ಆದರೆ ಕಣ್ಣಿಗೆ ಎತ್ತರ ಕಾಣುವುದಿಲ್ಲ, ಇಳಿಜಾರು ಕಾಣುತ್ತದೆ. ನಮ್ಮೂರ ರಸ್ತೆಯ ಹಂಪ್ ನೆನೆಸಿಕೊಳ್ಳಿ. ಅದರ ನೆತ್ತಿಗೆ ಇನ್ನಷ್ಟು ಡಾಂಬರು ಸುರಿದರೆ ಸ್ಕೂಟರ್ ಇನ್ನೂ ಎಗರುತ್ತದೆ. ನೆತ್ತಿ ಮುಟ್ಟದೆ ಎರಡೂ ಕಡೆ ದೂರದವರೆಗೆ ಡಾಂಬರು ಹಾಕಿ ಇಳಿಜಾರು ಮಾಡಿದರೆ ಹಂಪ್ ಇರುವುದೇ ಗೊತ್ತಾಗುವುದಿಲ್ಲ. ಮೂರು ಮಿಲಿಮೀಟರ್ ಮೂರು ಇಂಚಿನಲ್ಲಿ ಇಳಿದರೆ ನೆರಳು ಬೀಳುತ್ತದೆ. ಅದೇ ಇಪ್ಪತ್ತನಾಲ್ಕು ಇಂಚಿನಲ್ಲಿ ಇಳಿದರೆ ಕೋನ ಎಂಟರಲ್ಲಿ ಒಂದು ಪಾಲಾಗುತ್ತದೆ.

ಲೆಕ್ಕ ಬಂತು, ಕೈ ಬರಲಿಲ್ಲ. ಎರಡಡಿ ಅಗಲದ ಇಳಿಜಾರನ್ನು ತಲೆಯ ಮೇಲೆ ಕಣ್ಣಂದಾಜಿನಲ್ಲಿ ಎಳೆಯಲು ಆಗುವುದಿಲ್ಲ. ಹತ್ತಿರ ದಪ್ಪ, ನಡುವೆ ತಗ್ಗು, ಕೊನೆಯಲ್ಲಿ ಇನ್ನೊಂದು ದಿಬ್ಬ. ಒಂದು ಗೆರೆ ಇದ್ದ ಕಡೆ ಮೂರಾದವು.

ದಾವಣಗೆರೆಯಿಂದ ಮಾವ ಬಂದಿದ್ದಾರೆ. ಅವರ ಪಾಲಿಗೆ ಬಂದಿದ್ದು ವರ್ಕ್‌ಲೈಟ್ ಹಿಡಿಯುವ ಕೆಲಸ. ಸಂಜೆಯವರೆಗೆ ಕಾಯುವ ಬದಲು ಅದನ್ನು ಸೀಲಿಂಗ್‌ಗೆ ಒತ್ತಿ ಅಡ್ಡ ಹಿಡಿದರೆ ಗೆರೆ ಆಗಲೇ ಕಾಣುತ್ತದೆ. ಮೊದಲ ದಿನದ ಅವರ ಸಲಹೆ, "ಫಾಲ್ಸ್ ಸೀಲಿಂಗ್ ಹಾಕಿಬಿಡಿ ಅಳಿಯಂದ್ರೇ." ಎಂಟಡಿ ಎತ್ತರದ ಹಾಲ್ ನಮ್ಮದು. ಫಾಲ್ಸ್ ಸೀಲಿಂಗ್ ಹಾಕಿದರೆ ಫ್ಯಾನ್ ನನ್ನ ಕಿವಿ ಪಕ್ಕ ತಿರುಗುತ್ತದೆ. ಎರಡನೇ ದಿನ, "ಇದಕ್ಕೊಂದು ಆಳು ಇಡೋದಲ್ವಾ?" ಇಲ್ಲಿಯ ಆಳಿನ ರೇಟು ಹೇಳಿದೆ. ಅವರು ಅದನ್ನು ರೂಪಾಯಿಗೆ ತಿರುಗಿಸಿ ಸ್ವಲ್ಪ ಹೊತ್ತು ಕೂತುಕೊಂಡರು.

ಆಮೇಲೆ ಕೈ ನೋವಿಗೋ ಬೇಜಾರಿಗೋ ರೇಗಿದರು. "ನಮ್ಮ ಮೇಸ್ತ್ರಿ ಹಿಂಗೆ ಅಂದಾಜಲ್ಲಿ ಬಳೀತಿರಲಿಲ್ಲ ಕಣ್ರೀ. ಮೊದಲು ದಾರ ಕಟ್ಟೋನು. ಅಲ್ಲಲ್ಲಿ ಗಾರೆ ಬಿಲ್ಲೆ ಹಚ್ಚೋನು. ಬಿಲ್ಲೆ ಒಣಗಿದ ಮೇಲೆ ಅದರ ಮೇಲೆ ಪಟ್ಟಿ ಎಳೆಯೋನು. ನೀವು ಬಿಲ್ಲೆ ಇಲ್ದೇ ಏನು ಎಳೀತೀರಿ?"

ಸಹಾಯ ಮಾಡಬೇಕು ಅಂತ ಹೇಳಿದ್ದಲ್ಲ, ಬೈದದ್ದು. ಆದರೆ ಮಾತು ಸರಿ. ನಾನು ನೈಫ್‌ನ ಅಗಲದ ಬಗ್ಗೆಯೇ ಯೋಚಿಸುತ್ತಿದ್ದೆ. ಗೋಡೆಗೆ ಗಾರೆ ಮಾಡುವವನು ನೈಫ್ ನಂಬುವುದಿಲ್ಲ, ಗುರುತು ನಂಬುತ್ತಾನೆ. ಇಲ್ಲಿ ಒಂದು ಕಡೆಯ ಗುರುತು ಆಗಲೇ ಇದೆ: ಗೆರೆಯ ನೆತ್ತಿ. ಇನ್ನೊಂದು ಕಡೆಗೆ ಮಾತ್ರ ಬಿಲ್ಲೆ ಬೇಕು.

ಮಾಡಿದ್ದು ಹೀಗೆ. ನೆತ್ತಿಯ ಉದ್ದಕ್ಕೂ ನೀಲಿ ಟೇಪ್ ಅಂಟಿಸಿದೆ, ಅಲ್ಲಿ ಒಂದು ಚೂರೂ ಮಡ್ ನಿಲ್ಲಬಾರದು. ಎರಡೂ ಪಕ್ಕ ಎರಡಡಿ ದೂರದಲ್ಲಿ ಗೋಡೆಯಿಂದ ಗೋಡೆಗೆ ದಾರ ಬಿಗಿದೆ. ದಾರದ ಮಟ್ಟಕ್ಕೆ ಹಾಟ್ ಮಡ್‌ನ ಸಣ್ಣ ಬಿಲ್ಲೆಗಳು. ಬಿಲ್ಲೆ ಗಟ್ಟಿಯಾದ ಮೇಲೆ ಅವನ್ನು ಸೇರಿಸುವ ತೆಳು ಪಟ್ಟೆ. ಅದೂ ಗಟ್ಟಿಯಾದ ಮೇಲೆ ನಡುವಿನ ಜಾಗಕ್ಕೆ ಮಡ್ ತುಂಬಿ, ಅಲ್ಯೂಮಿನಿಯಂ ಪಟ್ಟಿಯ ಒಂದು ತುದಿ ನೆತ್ತಿಯ ಮೇಲೆ, ಇನ್ನೊಂದು ತುದಿ ಪಟ್ಟೆಯ ಮೇಲೆ ಕೂರಿಸಿ, ಗೆರೆಯ ಉದ್ದಕ್ಕೆ ಮೆಲ್ಲಗೆ ಎಳೆದೆ. ಮಡ್ ಬಿಗಿಯುವ ಮೊದಲೇ ನೀಲಿ ಟೇಪ್ ಕಿತ್ತೆ. ಪಟ್ಟಿ ಎಳೆದ ಕಡೆ ಸಣ್ಣಪುಟ್ಟ ಗುಳಿ ಉಳಿದರೆ ಚಿಂತೆ ಬೇಡ, ಅದು ಸ್ಕಿಮ್ ಕೋಟ್‌ನ (ಮೇಲೆ ಎಳೆಯುವ ತೆಳು ಮಡ್ ಪದರ) ಪಾಲು.

ಇದಕ್ಕೆ ಹಾಟ್ ಮಡ್ಡೇ ಬೇಕು, ಬಕೆಟ್‌ನಲ್ಲಿ ಕಲಸಿ ಬರುವುದು ಆಗದು. ಬಕೆಟ್‌ನದು ನೀರು ಆರಿ ಒಣಗುತ್ತದೆ. ದಪ್ಪಗೆ ಹಾಕಿದರೆ ಕುಗ್ಗಿ ನಡುವೆ ತಗ್ಗು ಬೀಳುತ್ತದೆ. ಹಾಟ್ ಮಡ್ ನೀರಿನ ಜೊತೆ ಸೇರಿ ಗಟ್ಟಿಯಾಗುವಂಥದ್ದು, ಕುಗ್ಗುವುದು ಕಡಿಮೆ. ನಾನು ಬಳಸಿದ್ದು 90ರ ಚೀಲ, ಸುಮಾರು ಒಂದೂವರೆ ಗಂಟೆ ಸಮಯ ಕೊಡುತ್ತದೆ. 20ರ ಚೀಲ ತಂದರೆ ಏಣಿ ಸರಿಸುವಷ್ಟರಲ್ಲಿ ಬಕೆಟ್‌ನಲ್ಲಿ ಕಲ್ಲು. ಪ್ರತಿ ಸಲ ಬಕೆಟ್ ಪೂರ್ತಿ ತೊಳೆಯಬೇಕು. ಹಳೇ ಮಡ್‌ನ ಚೂರು ಉಳಿದರೆ ಹೊಸದು ಬೇಗ ಬಿಗಿದುಕೊಳ್ಳುತ್ತದೆ. ತೊಳೆದ ನೀರನ್ನು ಸಿಂಕ್‌ಗೆ ಮಾತ್ರ ಸುರಿಯಬೇಡಿ. ಪೈಪಿನೊಳಗೂ ಅದು ಗಟ್ಟಿಯಾಗುತ್ತದೆ.

ಮೇಲೆ ಬಕೆಟ್ ಮಡ್‌ನ ತೆಳು ಸ್ಕಿಮ್ ಕೋಟ್. ರೋಲರ್‌ನಲ್ಲಿ ಹಚ್ಚಿ ಅಗಲದ ಬ್ಲೇಡ್‌ನಲ್ಲಿ ಎಳೆಯುವ ಪದ್ಧತಿಯೇ ನನಗೆ ಇಷ್ಟ. ವ್ಯಾಕ್ಯೂಮ್ ಇರುವ ಪೋಲ್ ಸ್ಯಾಂಡರ್ ಬಾಡಿಗೆಗೆ ತಂದೆ. ಮಾವ ವರ್ಕ್‌ಲೈಟ್ ಅಡ್ಡ ಹಿಡಿದರು. ಇಬ್ಬರೂ ಹುಡುಕಿದೆವು. ಅವರು ಒಂದು ಕಡೆ ತೋರಿಸಿ "ಇಲ್ಲೈತೆ" ಅಂದರು. ಜೇಡರ ಬಲೆ.

ಈ ಅಳತೆಗಳ ನಡುವೆ ಎಲ್ಲ ಜಾಯಿಸ್ಟ್‌ಗಳ ಜಾಗ ಗುರುತಾಗಿಬಿಟ್ಟಿದೆ, 16 ಇಂಚಿಗೆ ಒಂದರಂತೆ. ಅದಕ್ಕೇ ತಲೆಗೆ ಹೊಸ ಹುಳ ಹೊಕ್ಕಿದೆ: ಹಾಲ್‌ನಲ್ಲಿ ತೂಗುಯ್ಯಾಲೆ. ಹಿತ್ತಾಳೆ ಸರಪಳಿ, ತೇಗದ ಹಲಗೆ, ಊರಿನಲ್ಲಿ ಅಜ್ಜಿ ಮನೆಯ ಪಡಸಾಲೆಯಲ್ಲಿ ಇದ್ದಂಥದ್ದು. ಅಟ್ಟ ಹತ್ತಿ ನೋಡಿದೆ, ಜಾಯಿಸ್ಟ್‌ಗಳು 2×6. ಡ್ರೈವಾಲ್ ಹೊರಲು ಸಾಕು, ತೂಗಾಡುವ ಇಬ್ಬರು ದೊಡ್ಡವರನ್ನು ಹೊರಲು ಸಾಲದು. ಅಟ್ಟದಲ್ಲಿ ಅಡ್ಡಕ್ಕೆ ಹೊಸ ತೊಲೆ ಕೊಟ್ಟು ಎರಡು ಗೋಡೆಗಳ ಮೇಲೆ ಭಾರ ಇಳಿಸಬೇಕು. ಅದಕ್ಕೆ ಎಂಜಿನಿಯರ್ ಲೆಕ್ಕ ಬೇಕು, ಅಂದಾಜು ನಡೆಯುವುದಿಲ್ಲ. ಸರಪಳಿಗೆ ಊರಿನ ಒಬ್ಬ ವ್ಯಾಪಾರಿಯನ್ನು ಕೇಳಿದೆ. ಸರಪಳಿಗಿಂತ ಸಾಗಣೆಯೇ ದುಬಾರಿ ಅಂದ. ಮೇಲೆ ಆನೆ ಗೊಂಬೆ ಇರುವ ಡಿಸೈನ್ ತಗೊಂಡರೆ ರಿಯಾಯಿತಿ ಅಂತೆ, ಆನೆಯ ತೂಕ ಬೇರೆ ಸೇರುತ್ತದೆ ಅನ್ನುವುದನ್ನು ಮಾತ್ರ ಹೇಳಲಿಲ್ಲ.

ಅದಿರಲಿ. ಹಾಲ್‌ಗೆ ಈಗ ಪಿವಿಎ ಪ್ರೈಮರ್ ಒಂದು ಕೋಟ್ ಆಗಿದೆ. ಮಡ್ ಇರುವ ಕಡೆ, ಕಾಗದ ಇರುವ ಕಡೆ ಬಣ್ಣ ಬೇರೆಬೇರೆಯಾಗಿ ಹೀರದಿರಲಿ ಅಂತ. ಪ್ರೈಮರ್ ಆದಮೇಲೆ ನೋಡಿದ ಸಂಜೆಯ ಸುದ್ದಿಯೇ ಮೇಲೆ ಮೊದಲ ಸಾಲಿನಲ್ಲಿ ಹೇಳಿದ್ದು. ಬಣ್ಣಕ್ಕೆ ಫ್ಲಾಟ್ ಬಿಟ್ಟು ಬೇರೆ ತರುವುದಿಲ್ಲ. ಸ್ವಲ್ಪ ಹೊಳಪಿದ್ದರೂ ಇಷ್ಟು ದಿನದ ಕೆಲಸವನ್ನೆಲ್ಲ ಎತ್ತಿ ತೋರಿಸುತ್ತದೆ.

ಮುಂದಿನದು ಬೆಡ್‌ರೂಮ್‌ಗಳ ನಡುವಿನ ಪ್ಯಾಸೇಜ್. ಅಲ್ಲಿ ಕಿಟಕಿ ಇಲ್ಲ, ಹಾಗಾಗಿ ಲೆವೆಲ್ 4ಕ್ಕೇ ನಿಲ್ಲಿಸುತ್ತೇನೆ. ಆದರೆ ಹಿಂದಿನ ಮಾಲೀಕರು ಆ ಪಾಪ್‌ಕಾರ್ನ್ ಮೇಲೆ ಪೇಂಟ್ ಹೊಡೆದಿದ್ದಾರೆ, ನೀರು ಒಳಗೇ ಇಳಿಯುವುದಿಲ್ಲ. 1978ಕ್ಕೆ ಮುಂಚಿನ ಪೇಂಟ್ ಇರಬಹುದಾದ್ದರಿಂದ ಮೊದಲು ಸೀಸದ ಪರೀಕ್ಷೆಗೆ ಒಂದು ಚೂರು ಕಳಿಸಿದ್ದೇನೆ. ಫಲಿತಾಂಶ ಬರುವವರೆಗೆ ನೈಫ್ ಮುಟ್ಟುವುದಿಲ್ಲ. ಮಾವನಿಗೆ ಲೈಟ್ ಹಿಡಿಯುವುದರಿಂದ ರಜೆ.