‘ಎಐ ನಂಬಬಹುದಾ?’ ಅಂತ ಕೇಳುವವರಿಗೆ

ಕಳೆದ ತಿಂಗಳು ನೆಂಟರ ಮದುವೆ. ಊಟಕ್ಕೆ ಕೂತಿದ್ದೆ. ಎಲೆಗೆ ಉಪ್ಪು, ಉಪ್ಪಿನಕಾಯಿ, ಕೋಸಂಬರಿ ಬಿದ್ದಿತ್ತು, ಪಲ್ಯದವರು ಇನ್ನೂ ಎರಡು ಸಾಲು ಆಚೆ ಇದ್ದರು. ಪಕ್ಕದಲ್ಲಿದ್ದ ದೊಡ್ಡಪ್ಪ ಎಡಗೈಯಲ್ಲಿ ಫೋನ್ ಹಿಡಿದು ನನ್ನ ಮುಖದ ಹತ್ತಿರ ತಂದರು. ಒಂದು ವಿಡಿಯೋ. ಇನ್ಫೋಸಿಸ್‌ನ ನಾರಾಯಣ ಮೂರ್ತಿಯವರು ಯಾವುದೋ ಟ್ರೇಡಿಂಗ್ ಆ್ಯಪ್ ಹೊಗಳುತ್ತಿದ್ದಾರೆ. ದುಡ್ಡು ಹಾಕಿ ಸುಮ್ನೆ ಕೂತರೆ ಸಾಕಂತೆ, ತಿಂಗಳೊಳಗೆ ಬೆಳೆದುಬಿಡುತ್ತದಂತೆ.

"ದೊಡ್ಡಪ್ಪ, ಇದು ಎಐಯಲ್ಲಿ ಮಾಡಿರೋದು. 2023ರ ಡಿಸೆಂಬರ್‌ನಲ್ಲೇ ಮೂರ್ತಿಯವರು ಇಂಥವೆಲ್ಲ ನಕಲಿ, ಮೋಸ ಹೋಗಬೇಡಿ ಅಂತ ಹೇಳಿದ್ರು" ಅಂದೆ.

ಅವರು ವಿಡಿಯೋವನ್ನು ಇನ್ನೊಂದು ಸಲ ನೋಡಿದರು. ಆಮೇಲೆ, ಪಲ್ಯ ಬಡಿಸುವವನಿಗೆ ಸಾಕು ಅಂತ ಕೈ ಅಡ್ಡ ಹಿಡಿಯುತ್ತಾ ಕೇಳಿದರು: "ನೀನು ನಾಲ್ಕು ವರ್ಷದಿಂದ ಇದನ್ನೇ ಓದ್ತಿದ್ದೀಯಲ್ಲ, ಒಂದೇ ಮಾತಲ್ಲಿ ಹೇಳು. ಎಐ ನಂಬಬಹುದಾ, ನಂಬಬಾರದಾ?"

ನನ್ನ ಪಿಎಚ್‌ಡಿ ಎಐ, ಮಾಧ್ಯಮ ಮತ್ತು ಪ್ರಜಾಪ್ರಭುತ್ವದಲ್ಲಿ ನಂಬಿಕೆ ಅನ್ನೋದರ ಮೇಲೆ. ವಿಷಯ ಹೇಳಿದ ತಕ್ಷಣ ಎಲ್ಲರೂ ಕೇಳುವುದು ಈ ಪ್ರಶ್ನೆಯನ್ನೇ. ಆಟೋದವರು ಕೇಳಿದ್ದಾರೆ, ಪಕ್ಕದ ಮನೆಯ ಆಂಟಿ ಕೇಳಿದ್ದಾರೆ, ಹಲ್ಲಿನ ಡಾಕ್ಟರು ನನ್ನ ಬಾಯಿ ತೆರೆಸಿಟ್ಟುಕೊಂಡೇ ಕೇಳಿದ್ದಾರೆ. ಅವತ್ತು ಊಟದ ಮಧ್ಯೆ ಸರಿಯಾಗಿ ಹೇಳೋಕೆ ಆಗಲಿಲ್ಲ. ಇಲ್ಲಿ ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತೆ.

ಮೊದಲು ನನ್ನ ಮಾನ ಹೋದ ಕಥೆ. ಸಂಶೋಧನೆಯ ಮೊದಲ ವರ್ಷ ಒಂದು ಅಧ್ಯಾಯಕ್ಕೆ ಹಿಂದಿನವರು ಬರೆದ ಲೇಖನಗಳನ್ನು ಹುಡುಕುತ್ತಿದ್ದೆ. ಕೇಳಿದ್ದಕ್ಕೆ ಉತ್ತರ ಬರೆದುಕೊಡುವ ಎಐ ಪ್ರೋಗ್ರಾಂ, ಅಂದರೆ ಚಾಟ್‌ಬಾಟ್ ಒಂದನ್ನು ಕೇಳಿದೆ. ಅಚ್ಚುಕಟ್ಟಾಗಿ ಎಂಟು ಲೇಖನದ ಹೆಸರು ಕೊಟ್ಟಿತು. ಲೇಖಕರು, ವರ್ಷ, ಪುಟಸಂಖ್ಯೆ, ಎಲ್ಲ ಇತ್ತು. ಅದರಲ್ಲಿ ಒಂದು ನಮ್ಮ ಗೈಡ್ ಬರೆದದ್ದು! ಆಹಾ, ಇವರನ್ನು ಖುಷಿಪಡಿಸೋಕೆ ಇದಕ್ಕಿಂತ ಒಳ್ಳೆ ದಾರಿ ಇಲ್ಲ ಅಂತ ಅದನ್ನೇ ಮುಂದಿಟ್ಟು ಎರಡು ಪ್ಯಾರಾ ಬರೆದುಕೊಂಡು ಹೋದೆ. ಅವರು ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು ಓದಿದರು. "ಏನಮ್ಮ, ಇದನ್ನ ನಾನು ಬರೆದೇ ಇಲ್ವಲ್ಲ" ಅಂದರು. ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. "ಶೀರ್ಷಿಕೆ ಚೆನ್ನಾಗಿದೆ, ಬರೀಬಹುದಿತ್ತು" ಅಂತ ನಕ್ಕರು.

ನಂಬಿಕೆಯ ಬಗ್ಗೆ ಸಂಶೋಧನೆ ಮಾಡುವವಳು ಹೀಗೆ ಬಿದ್ದರೆ, ಬೇರೆಯವರದ್ದು ಏನು ಹೇಳೋದು? ನನ್ನ ಸಮಾಧಾನಕ್ಕೆ ಆಮೇಲೆ ದೊಡ್ಡ ದೊಡ್ಡ ಜಾಗಗಳಲ್ಲೇ ಇಂಥದ್ದು ಆಯಿತು. 2024ರ ಡಿಸೆಂಬರ್ ಕೊನೆಗೆ ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿಯ ಬೆಂಗಳೂರು ಪೀಠ ಕೊಟ್ಟ ಒಂದು ಆದೇಶದಲ್ಲಿ ಇಲ್ಲದ ತೀರ್ಪುಗಳ ಉಲ್ಲೇಖ ಇತ್ತು, ಆದೇಶವನ್ನೇ ವಾಪಸ್ ತಗೊಳ್ಳಬೇಕಾಯಿತು. ಮೂರು ತಿಂಗಳು ಕಳೆಯೋದರೊಳಗೆ, 2025ರ ಮಾರ್ಚ್‌ನಲ್ಲಿ, ಬೆಂಗಳೂರಿನ ಸಿವಿಲ್ ಕೋರ್ಟೊಂದು ಸುಪ್ರೀಂ ಕೋರ್ಟಿನ ಹೆಸರಲ್ಲಿ ಇಲ್ಲದ ತೀರ್ಪುಗಳನ್ನು ಆಧಾರವಾಗಿ ಇಟ್ಟುಕೊಂಡಿದ್ದನ್ನು ಕರ್ನಾಟಕ ಹೈಕೋರ್ಟ್ ಎತ್ತಿ ತೋರಿಸಿತು. ಎರಡರಲ್ಲೂ ಜನರ ಅನುಮಾನ ಚಾಟ್‌ಬಾಟ್ ಮೇಲೆಯೇ. ಆದರೆ ಗಮನಿಸಿ, ತಪ್ಪು ಸಿಕ್ಕಿಬಿದ್ದದ್ದು ಹೇಗೆ? ಕೋರ್ಟಿನಲ್ಲಿ ಎದುರು ಪಕ್ಷದ ವಕೀಲರು ಇರುತ್ತಾರೆ, ಮೇಲೆ ಇನ್ನೊಂದು ಕೋರ್ಟ್ ಇರುತ್ತದೆ. ನನಗೆ ಗೈಡ್ ಇದ್ದರು. ಮದುವೆ ಊಟದಲ್ಲಿ ಕೂತಿರುವ ದೊಡ್ಡಪ್ಪನಿಗೆ ಯಾರಿದ್ದಾರೆ?

ಈಗ ಪ್ರಶ್ನೆಗೆ ಬರೋಣ. ಕನ್ನಡದಲ್ಲಿ ಎರಡು ಮಾತಿದೆ, ನಂಬೋದು ಮತ್ತು ನೆಚ್ಚಿಕೊಳ್ಳೋದು. ಮಳೆ ನೆಚ್ಚಿಕೊಂಡು ಬಿತ್ತುತ್ತೇವೆ. ಆರೂವರೆ ಬಸ್ಸನ್ನು ನೆಚ್ಚಿಕೊಂಡು ಮನೆ ಬಿಡುತ್ತೇವೆ. ಮಳೆ ಬರದಿದ್ದರೆ ಹೊಟ್ಟೆ ಉರಿಯುತ್ತದೆ, ಆದರೆ ಮಳೆ ನನಗೆ ಮೋಸ ಮಾಡಿತು ಅಂತ ಪೊಲೀಸ್ ಸ್ಟೇಷನ್‌ಗೆ ಯಾರೂ ಹೋಗಲ್ಲ. ಮೋಸ ಮಾಡೋಕೆ ಮನುಷ್ಯರೇ ಬೇಕು. ಆ್ಯನೆಟ್ ಬೇಯರ್ ಅಂತ ತತ್ವಶಾಸ್ತ್ರದ ಮೇಡಂ ಒಬ್ಬರು 1986ರಲ್ಲಿ ಹೆಚ್ಚುಕಡಿಮೆ ಇದನ್ನೇ ಬರೆದರು: ನೆಚ್ಚಿಕೊಂಡದ್ದು ಕೈಕೊಟ್ಟರೆ ನಿರಾಸೆ ಆಗುತ್ತೆ, ನಂಬಿದ್ದು ಕೈಕೊಟ್ಟರೆ ದ್ರೋಹ ಆಗುತ್ತೆ. ನಾನು ಇದನ್ನು ಓದಿ, ನೋಟ್ಸ್ ಮಾಡಿ, ಅದರ ಮೇಲೆ ಸೆಮಿನಾರ್ ಕೊಟ್ಟೆ. ಆಮೇಲೆ ಮದ್ದೂರಿನ ಹತ್ತಿರ ಒಬ್ಬ ರೈತರ ಜೊತೆ ಮಾತಾಡುತ್ತಿದ್ದಾಗ, "ಅಣ್ಣ, ಮೊಬೈಲಲ್ಲಿ ಬೆಳೆಗೆ ಔಷಧಿ ಹೇಳುವ ಆ್ಯಪ್ ಬಂದಿದೆಯಲ್ಲ, ಅದನ್ನ ನಂಬ್ತೀರಾ?" ಅಂದೆ. ಅವರು ಪಂಪ್‌ಸೆಟ್ ಕಡೆ ಕೈ ತೋರಿಸಿದರು. "ಮಿಸೀನು ಎಲ್ಲಾದ್ರೂ ಮೋಸ ಮಾಡ್ತದಾ ಕಣಮ್ಮ? ಕೈ ಕೊಡ್ತದೆ, ಅಷ್ಟೆಯಾ. ಮೋಸ ಮಾಡೋದು ಅದನ್ನ ಮಾರಿದೋನು." ನನ್ನ ಸೆಮಿನಾರ್ ನಲವತ್ತು ನಿಮಿಷದ್ದು.

ಹಾಗಾಗಿ ಎಐ ನಂಬಬಹುದಾ ಅಂತ ಕೇಳಿದರೆ, ಅದು ನಂಬುವಂಥ ವಸ್ತುವೇ ಅಲ್ಲ ಅಂತೀನಿ. ನೆಚ್ಚಿಕೊಳ್ಳಬಹುದಾ ಅಂತ ಕೇಳಿ, ಆಗ ಉತ್ತರ ಇದೆ: ಕೆಲವು ಕೆಲಸಕ್ಕೆ ಹೌದು. ಇಂಗ್ಲಿಷ್ ಪತ್ರದ ವ್ಯಾಕರಣ ತಿದ್ದೋಕೆ ನಾನೇ ದಿನಾ ಬಳಸುತ್ತೇನೆ. ಸುದ್ದಿಗೆ? ಯುರೋಪಿನ ಸಾರ್ವಜನಿಕ ಪ್ರಸಾರ ಸಂಸ್ಥೆಗಳ ಒಕ್ಕೂಟ ಮತ್ತು ಬಿಬಿಸಿ ಸೇರಿ, 18 ದೇಶಗಳ 22 ಸಂಸ್ಥೆಗಳ ಪತ್ರಕರ್ತರನ್ನು ಕೂರಿಸಿಕೊಂಡು, ಸುದ್ದಿಯ ಬಗ್ಗೆ ಚಾಟ್‌ಬಾಟ್‌ಗಳು ಕೊಟ್ಟ ಉತ್ತರಗಳನ್ನು ಪರೀಕ್ಷೆ ಮಾಡಿಸಿದರು. 2025ರ ಅಕ್ಟೋಬರ್‌ನಲ್ಲಿ ಫಲಿತಾಂಶ ಬಂತು. 45% ಉತ್ತರಗಳಲ್ಲಿ ಕನಿಷ್ಠ ಒಂದು ದೊಡ್ಡ ದೋಷ ಇತ್ತು. ನೂರಕ್ಕೆ ನಲವತ್ತೈದು ಸಲ ಬರದ ಬಸ್ಸನ್ನು ನೀವು ನೆಚ್ಚಿಕೊಳ್ತೀರಾ?

ಆದರೂ ಯಾಕೆ ನಂಬುತ್ತೇವೆ ಅಂದರೆ, ಅದು ಮಾತಾಡುತ್ತದೆ. ಪಂಪ್‌ಸೆಟ್ ಮಾತಾಡಲ್ಲ. 1966ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಜೋಸೆಫ್ ವೈಜೆನ್‌ಬಾಮ್ ಅನ್ನುವವರು ಎಲೈಜಾ ಅಂತ ಒಂದು ಪ್ರೋಗ್ರಾಂ ಬಗ್ಗೆ ಬರೆದರು. ನೀವು ಟೈಪ್ ಮಾಡಿದ್ದನ್ನೇ ತಿರುಗಿಸಿ ಪ್ರಶ್ನೆ ಮಾಡಿ ಕೇಳುವುದು ಬಿಟ್ಟರೆ ಅದಕ್ಕೆ ಜಾಸ್ತಿ ಏನೂ ಬರುತ್ತಿರಲಿಲ್ಲ. ಅದನ್ನು ಅವರು ತಿಂಗಳುಗಟ್ಟಲೆ ಕಟ್ಟುತ್ತಿದ್ದುದನ್ನು ಅವರ ಸೆಕ್ರೆಟರಿ ಕಣ್ಣಾರೆ ನೋಡಿದ್ದರು. ಆಕೆಯೇ ಒಂದು ದಿನ ಅದರ ಜೊತೆ ನಾಲ್ಕು ಮಾತಾಡಿದ ಮೇಲೆ, ಸ್ವಲ್ಪ ಹೊರಗೆ ಹೋಗ್ತೀರಾ ಅಂತ ವೈಜೆನ್‌ಬಾಮ್‌ರನ್ನೇ ಕೇಳಿದರಂತೆ. ಮಾತಾಡುವುದಕ್ಕೆಲ್ಲ ಮನಸ್ಸು ಇದೆ ಅಂತ ಅಂದುಕೊಳ್ಳೋದು ನಮ್ಮ ಸ್ವಭಾವ. ಇದಕ್ಕೆ ನಾವು ಪೆದ್ದರಾಗಬೇಕಾಗಿಲ್ಲ.

ನಮ್ಮ ಮನೆಗೆ ಬರುವ ಪೇಪರ್‌ನ ಒಂದು ಮೂಲೆಯಲ್ಲಿ ಇರುವೆ ಸಾಲಿನಂಥ ಅಕ್ಷರದಲ್ಲಿ ಒಂದು ಸಾಲು ಇರುತ್ತದೆ. ಮುದ್ರಕರು ಇಂಥವರು, ಪ್ರಕಾಶಕರು ಇಂಥವರು, ಸಂಪಾದಕರು ಇಂಥವರು, ಅಚ್ಚಾಗಿದ್ದು ಇಂಥ ಜಾಗದಲ್ಲಿ. ಯಾರೂ ಓದಲ್ಲ. ಪತ್ರಿಕೋದ್ಯಮ ಓದಿದ ನಾನೂ ಎಷ್ಟೋ ವರ್ಷ ಓದಿರಲಿಲ್ಲ. 1867ರ ಪ್ರೆಸ್ ಕಾನೂನಿನ ಕಾಲದಿಂದ ಬಂದ ಪದ್ಧತಿ ಅದು. ಬ್ರಿಟಿಷರು ತಂದದ್ದು ನಮ್ಮ ಪತ್ರಿಕೆಗಳ ಮೇಲೆ ಕಣ್ಣಿಡೋಕೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಓದುಗರಿಗೂ ಅದರಿಂದ ಒಂದು ಉಪಕಾರ ಆಯಿತು. ಸುಳ್ಳು ಅಚ್ಚಾದರೆ ಯಾರ ಕೊರಳಪಟ್ಟಿ ಹಿಡಿಯಬೇಕು ಅಂತ ಆ ಸಾಲು ಹೇಳುತ್ತದೆ. ಚಾಟ್‌ಬಾಟ್ ಉತ್ತರದ ಕೆಳಗೆ ಇರೋದು ಬೇರೆ ಸಾಲು: ತಪ್ಪಾಗಬಹುದು, ನೀವೇ ನೋಡಿಕೊಳ್ಳಿ. 2023ರ ಜುಲೈನಲ್ಲಿ ಪವರ್ ಟಿವಿ ಚಾನೆಲ್‌ನವರು ಸೌಂದರ್ಯ ಅನ್ನುವ ಎಐ ನಿರೂಪಕಿಯನ್ನು ಕನ್ನಡಕ್ಕೆ ತಂದಾಗ ಎಷ್ಟೋ ಜನ ಅವಳ ತುಟಿ ಸರಿಯಾಗಿ ಆಡುತ್ತಾ ಇಲ್ವಾ ಅಂತ ಚರ್ಚೆ ಮಾಡಿದರು. ನನಗೆ ತುಟಿಯ ಚಿಂತೆ ಇರಲಿಲ್ಲ. ಅವಳು ತಪ್ಪು ಓದಿದರೆ ನಾಳೆ ಕ್ಷಮೆ ಕೇಳುವವರು ಯಾರು, ಅದಿತ್ತು.

ಇನ್ನೊಂದು ಮಾತು ಹೇಳದೆ ಮುಂದೆ ಹೋಗೋಕೆ ಆಗಲ್ಲ. ಇದೆಲ್ಲ ಎಐ ತಂದ ಕಾಯಿಲೆ ಅಂತ ಅನ್ನಿಸಿದರೆ 2018 ನೆನಪಿಸಿಕೊಳ್ಳಿ. ಮಕ್ಕಳ ಕಳ್ಳರು ಬಂದಿದ್ದಾರೆ ಅಂತ ವಾಟ್ಸಾಪ್ ತುಂಬ ಒಂದು ವಿಡಿಯೋ. ಬೈಕಿನಲ್ಲಿ ಬಂದವರು ಮಗುವನ್ನು ಎತ್ತಿಕೊಂಡು ಹೋಗುತ್ತಾರೆ. ಅದು ಕರಾಚಿಯಲ್ಲಿ ಮಕ್ಕಳ ಸುರಕ್ಷತೆಗೆ ಅಂತ ಮಾಡಿದ ಜಾಗೃತಿ ಚಿತ್ರ. ಕೊನೆಯಲ್ಲಿ ಅವರು ಮಗುವನ್ನು ವಾಪಸ್ ತಂದು ಬಿಡುತ್ತಾರೆ. ಆ ಕೊನೆಯನ್ನು ಯಾರೋ ಕತ್ತರಿಸಿದ್ದರು, ಅಷ್ಟೇ. ಆ ವರ್ಷ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಕೆಲಸ ಹುಡುಕಿಕೊಂಡು ಬಂದಿದ್ದ ರಾಜಸ್ಥಾನದ ಹುಡುಗನನ್ನು ಜನ ಹೊಡೆದು ಕೊಂದರು. ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ಒಬ್ಬ ಟೆಕ್ಕಿ ಸತ್ತರು. ವಾಟ್ಸಾಪ್‌ನವರು ಆ ಜುಲೈನಲ್ಲೇ ಭಾರತದಲ್ಲಿ ಒಂದು ಸಲಕ್ಕೆ ಐದೇ ಫಾರ್ವರ್ಡ್ ಅಂತ ಮಿತಿ ಹಾಕಿದರು. ಎಐ ಎಲ್ಲಿತ್ತು ಆಗ? ಒಂದು ಕತ್ತರಿ ಸಾಕಾಗಿತ್ತು. ಯಾಕೆಂದರೆ ಆ ವಿಡಿಯೋ ಬಂದದ್ದು ಗುರುತಿಲ್ಲದ ನಂಬರಿನಿಂದಲ್ಲ. ಚಿಕ್ಕಮ್ಮ ಕಳಿಸಿದ್ದು, ಅಂಗಡಿಯವರು ಕಳಿಸಿದ್ದು, ಮಗುವಿನ ಕ್ಲಾಸಿನ ಅಮ್ಮಂದಿರ ಗ್ರೂಪಿನಲ್ಲಿ ಬಂದದ್ದು. ನಾವು ವಿಡಿಯೋ ನಂಬಲಿಲ್ಲ, ಚಿಕ್ಕಮ್ಮನನ್ನು ನಂಬಿದೆವು.

ಇನ್ನು ಪ್ರಜಾಪ್ರಭುತ್ವ. ಇದರ ಬಗ್ಗೆ ಮಾತು ಬಂದರೆ ಎಲ್ಲರೂ ಸ್ಲೊವಾಕಿಯಾದ ಕಥೆ ಹೇಳುತ್ತಾರೆ. 2023ರ ಸೆಪ್ಟೆಂಬರ್ 30ಕ್ಕೆ ಅಲ್ಲಿ ಮತದಾನ. ಎರಡು ದಿನ ಮೊದಲು, ಪ್ರಚಾರ ನಿಂತು ಮಾಧ್ಯಮಗಳೂ ಸುಮ್ಮನಿರಬೇಕಾದ ಹೊತ್ತಿನಲ್ಲಿ, ಒಂದು ಪಕ್ಷದ ನಾಯಕ ಮಿಖಾಲ್ ಶಿಮೆಚ್ಕಾ ಪತ್ರಕರ್ತೆಯೊಬ್ಬರ ಜೊತೆ ಚುನಾವಣೆಯಲ್ಲಿ ಅಕ್ರಮ ಮಾಡೋದು ಹೇಗೆ ಅಂತ ಮಾತಾಡಿದಂಥ ನಕಲಿ ಆಡಿಯೋ ಹರಿದಾಡಿತು. ಭಯ ಆಗೋದು ಸಹಜ. ಆದರೆ ನನಗೆ ಇದಕ್ಕಿಂತ ಜಾಸ್ತಿ ಭಯ ಇನ್ನೊಂದರದ್ದು. ನಕಲಿ ಮಾಡೋದು ಸುಲಭ ಅಂತ ಎಲ್ಲರಿಗೂ ಗೊತ್ತಾದ ಮೇಲೆ, ನಿಜವಾಗಿ ಸಿಕ್ಕಿಬಿದ್ದವರೂ ಅದು ಎಐ ಅಂದುಬಿಡಬಹುದು. ಬಾಬಿ ಚೆಸ್ನಿ ಮತ್ತು ಡೇನಿಯಲ್ ಸಿಟ್ರನ್ ಅನ್ನುವ ಅಮೆರಿಕದ ಕಾನೂನು ಪ್ರಾಧ್ಯಾಪಕರು ಇದಕ್ಕೆ ‘ಲಯರ್ಸ್ ಡಿವಿಡೆಂಡ್’ ಅಂತ ಹೆಸರಿಟ್ಟರು, ಅಂದರೆ ಸುಳ್ಳು ಹೇಳುವವನಿಗೆ ಸಿಗುವ ಲಾಭ. ನಾನು ಅದನ್ನು ಸುಳ್ಳನ ಬಡ್ಡಿ ಅಂತೀನಿ. ಅಸಲು ಬೇರೆ ಯಾರದ್ದೋ, ಬಡ್ಡಿ ಮಾತ್ರ ಇವನಿಗೆ.

ಹಾಗಾದರೆ ಪ್ರಜಾಪ್ರಭುತ್ವದಲ್ಲಿ ನಂಬಿಕೆ ಅಂದರೆ ಏನು? ಎಲ್ಲರೂ ಒಬ್ಬರನ್ನೊಬ್ಬರು ನಂಬೋದಾ? ಒಂದು ಮತಗಟ್ಟೆಗೆ ಬೆಳಗ್ಗೆ ಹೋಗಿ ನೋಡಿ. ಮತದಾನ ಶುರುವಾಗುವ ಮುಂಚೆ ಪಕ್ಷಗಳ ಏಜೆಂಟರ ಎದುರಿಗೇ ಅಣಕು ಮತದಾನ ಮಾಡಬೇಕು, ಕನಿಷ್ಠ 50 ಮತ. ಯಂತ್ರದ ಲೆಕ್ಕಕ್ಕೂ ಚೀಟಿಯ ಲೆಕ್ಕಕ್ಕೂ ತಾಳೆ ನೋಡಿ, ಅಳಿಸಿ, ಸೀಲ್ ಮಾಡಿ, ಆ ಸೀಲಿನ ಮೇಲೆ ಏಜೆಂಟರ ಸಹಿ. ನೀವು ಬಟನ್ ಒತ್ತಿದ ಮೇಲೆ ಗಾಜಿನ ಹಿಂದೆ ಚೀಟಿ 7 ಸೆಕೆಂಡ್ ಕಾಣಬೇಕು. ಬೆರಳಿಗೆ 1962ರಿಂದಲೂ ಮೈಸೂರಿನ ಬಣ್ಣದ ಕಾರ್ಖಾನೆಯ ಶಾಯಿ, ಅದೂ ನೀವು ಎರಡನೇ ಸಲ ಬರ್ತೀರ ಅನ್ನುವ ಅನುಮಾನಕ್ಕೆ! ಸಂಜೆ ಎಷ್ಟು ಮತ ಬಿತ್ತು ಅಂತ 17ಸಿ ಅನ್ನುವ ಫಾರಂ ತುಂಬಿ, ಅದರ ಪ್ರತಿ ಏಜೆಂಟರ ಕೈಗೆ. ಒಂದೊಂದು ಹೆಜ್ಜೆಯನ್ನೂ ಅಪನಂಬಿಕೆಯಿಂದಲೇ ಕಟ್ಟಿದ್ದಾರೆ. ಯಾರೂ ಯಾರನ್ನೂ ನಂಬಬೇಕಾಗಿಲ್ಲ ಅನ್ನುವ ಹಾಗೆ ಮಾಡಿದ್ದರಿಂದಲೇ, ಮತಗಟ್ಟೆಯಲ್ಲಿ ಎದುರಾಳಿ ಪಕ್ಷಗಳ ಏಜೆಂಟರು ಒಂದೇ ಬೆಂಚಿನಲ್ಲಿ ಕೂತು ಚಿತ್ರಾನ್ನ ಹಂಚಿಕೊಂಡು ತಿನ್ನಬಹುದು. ಅಷ್ಟಿದ್ದೂ ಯಂತ್ರದ ಬಗ್ಗೆ ಜಗಳ ಇದ್ದೇ ಇದೆ, ಇರಲಿ. ಜಗಳ ಮಾಡೋಕೆ ಅಲ್ಲಿ ಜಾಗವಾದರೂ ಇದೆ.

ಎಐಗೆ ಇಂಥ ಒಂದು ಬೆಂಚು ಇನ್ನೂ ಹಾಕಿಲ್ಲ. ನನ್ನ ಪಿಎಚ್‌ಡಿಯ ಕೊನೆಯ ಅಧ್ಯಾಯ ಇದೇ, ಅದಕ್ಕೇ ಅದು ಮುಗಿಯುತ್ತಿಲ್ಲ. ಎಐಯಿಂದ ಮಾಡಿದ ಚಿತ್ರ, ವಿಡಿಯೋ ಮೇಲೆ ಲೇಬಲ್ ಅಂಟಿಸಬೇಕು ಅಂತ ಕೇಂದ್ರ ಸರ್ಕಾರ 2025ರ ಅಕ್ಟೋಬರ್‌ನಲ್ಲಿ ಕರಡು ನಿಯಮ ತಂದಿತು, ಕಾಣುವ ಜಾಗದ 10% ಲೇಬಲ್ಲೇ ಇರಬೇಕು ಅಂತ ಅದರಲ್ಲಿತ್ತು. ಅದಕ್ಕೂ ಮೊದಲು, ಜೂನ್‌ನಲ್ಲಿ, ಕರ್ನಾಟಕದಲ್ಲಿ ಸುಳ್ಳು ಸುದ್ದಿಗೆ 7 ವರ್ಷದವರೆಗೆ ಜೈಲು ಅನ್ನುವ ಮಸೂದೆಯ ಕರಡು ಓಡಾಡಿತು. ಲೇಬಲ್ ಬೇಡ ಅನ್ನಲ್ಲ. ಆದರೆ ಮೋಸ ಮಾಡುವವನು ತಾನೇ ಲೇಬಲ್ ಅಂಟಿಸಿಕೊಂಡು ಬರ್ತಾನಾ? ಜೈಲಿನ ವಿಷಯ ಅಂದರೆ, ಯಾವುದು ಸುಳ್ಳು ಅಂತ ತೀರ್ಮಾನ ಮಾಡುವ ಕುರ್ಚಿಯಲ್ಲಿ ಸರ್ಕಾರವೇ ಕೂತರೆ, ಆ ಕುರ್ಚಿಯ ಎದುರಿಗೆ ಯಾವ ಏಜೆಂಟ್ ಕೂರ್ತಾನೆ ಅಂತ ನಾನು ಕೇಳುತ್ತೇನೆ.

ದೊಡ್ಡಪ್ಪನಿಗೆ ಇಷ್ಟೆಲ್ಲ ಹೇಳಲಿಲ್ಲ. ಹೋಳಿಗೆ ಬಂತು, ತುಪ್ಪ ಬಂತು, ಆಮೇಲೆ ಮಜ್ಜಿಗೆ. ಕೈ ತೊಳೆಯೋಕೆ ಎದ್ದಾಗ ಒಂದೇ ಕೇಳಿದೆ.

"ಇದನ್ನ ನಿಮಗೆ ಯಾರು ಕಳಿಸಿದ್ದು?"

"ನಮ್ಮ ಮೇಷ್ಟ್ರು ಕಣೆ. ಅವರು ಸುಳ್ಳು ಕಳಿಸೋ ಪೈಕಿ ಅಲ್ಲ."

"ಅವರಿಗೆ ಯಾರು ಕಳಿಸಿದ್ರಂತೆ? ಒಂದು ಫೋನ್ ಮಾಡಿ ಕೇಳಿ."

ನಲ್ಲಿ ಪಕ್ಕದಲ್ಲೇ ನಿಂತು ಫೋನ್ ಮಾಡಿದರು. ಮೇಷ್ಟ್ರಿಗೆ ಅವರ ಅಳಿಯ ಕಳಿಸಿದ್ದಂತೆ. ಅಳಿಯ ಬ್ಯಾಂಕಲ್ಲಿ ಇರೋದು, ಅವನಿಗೆ ಇದೆಲ್ಲ ಚೆನ್ನಾಗಿ ಗೊತ್ತು, ಬೇಕಾದ್ರೆ ಅವನ ನಂಬರ್ ಕೊಡ್ತೀನಿ ಅಂದರಂತೆ. ದೊಡ್ಡಪ್ಪ ಒದ್ದೆ ಕೈಯನ್ನು ಪಂಚೆಗೆ ಒರೆಸಿಕೊಂಡು ಆ ನಂಬರ್‌ಗೂ ಮಾಡಿದರು. ಪೂರ್ತಿ ರಿಂಗ್ ಆಯಿತು. ಇನ್ನೊಂದು ಸಲ ಮಾಡಿದರು.

"ಎತ್ತುತ್ತಾ ಇಲ್ಲ" ಅಂದರು. "ಅವನೂ ಎಲ್ಲೋ ಮದುವೆ ಊಟದಲ್ಲಿರಬೇಕು."